ಜೋಳವಾಳಿ: ವಿಜಯಪುರ ಸೀಮೆಯ ಊಟ, ಮಾತು ಮತ್ತು ನಿಷ್ಠೆ

ಕನ್ನಡಿಗರ ನಾಡು ಒಂದೇ ಎಂಬುದು 1956ನೆಯ ಇಸವಿಯ ನವೆಂಬರ 1ನೆಯ ತಾರೀಖಿನಿಂದ ಕಾಯಿದೆಯ ಮಾತೂ ಆಗಿರುವದು. ಆದರೆ ಊಟಕ್ಕೆ ಕುಳಿತಾಗ ಈ ಒಂದು ನಾಡು ಮೂರು ನಾಡಾಗಿ ಕಾಣುವದು. ಮೈಸೂರ ಕಡೆಯವನು ರಾಗಿಯ ಮುದ್ದೆಯನ್ನೂ, ಮಲೆನಾಡು ಕರಾವಳಿಗಳವನು ಅನ್ನವನ್ನೂ, ವಿಜಯಪುರದವನು ಜೋಳದ ರೊಟ್ಟಿಯನ್ನೂ ಬಯಸುವರು. ಮಾತಿಗೆ ಬಂದರೆ ಭೇದವು ಇನ್ನಷ್ಟು ಎದ್ದು ತೋರುವದು. ಒಬ್ಬರ ಆಸ್ಪತ್ರೆಯು ಇನ್ನೊಬ್ಬರಿಗೆ ದವಾಖಾನೆ. ಒಬ್ಬರ ಆಲೂಗಡ್ಡೆಯು ಇನ್ನೊಬ್ಬರಿಗೆ ಬಟಾಟೆ. ಒಬ್ಬರ ಕಡಲೆಪುರಿಯು ದಾವಣಗೆರೆಯಲ್ಲಿ ಮಂಡಕ್ಕಿಯಾಗಿ, ವಿಜಯಪುರಕ್ಕೆ ಬರುವಷ್ಟರಲ್ಲಿ ಚುರುಮುರಿಯಾಗುವದು. ಈ ಭೇದವು ವಿನೋದಕ್ಕೆ ಮಾತ್ರ ಕಾರಣವಾಗಿದ್ದರೆ ಚಿಂತೆಯಿರಲಿಲ್ಲ. ಬಬಲೇಶ್ವರದ ಕಡೆಯ ತರುಣನು ಓದಲಿಕ್ಕೆಂದು ಬೆಂಗಳೂರಿಗೆ ಹೋದಾಗ ಮೊದಲ ಕೆಲವು ತಿಂಗಳು ಬಾಯಿ ಬಿಗಿದುಕೊಂಡು ಕೂಡ್ರುವದುಂಟು. ಮಾತಾಡಿದರೆ ನಗುವರೆಂಬ ಅಂಜಿಕೆ. ರಜೆಗೆ ಊರಿಗೆ ಬಂದಾಗ ತಾಯಿಯ ಮಾತನ್ನು ತಿದ್ದಲಿಕ್ಕೆ ತೊಡಗುವನು. ತಾಯಿಯ ನುಡಿಯು ತಪ್ಪೆಂದು ಮಗನಿಗೆ ತೋರುವ ಕಾಲ ಬಂದರೆ, ಆ ನುಡಿಯ ಇತಿಹಾಸವನ್ನು ತಿಳಿಸಿ ಹೇಳುವದು ಅವಶ್ಯಕವಾಗುವದು.

ಊಟಕ್ಕೂ ನಿಷ್ಠೆಗೂ ಇರುವ ಸಂಬಂಧವನ್ನು ನಮ್ಮ ಪೂರ್ವಿಕರು ಒಂದೇ ಶಬ್ದದಲ್ಲಿ ಹಿಡಿದಿಟ್ಟಿದ್ದರು. ಹಳಗನ್ನಡ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಬರುವ ‘ಜೋಳವಾಳಿ’ ಎಂಬುದೇ ಆ ಶಬ್ದವು. ಉಂಡ ಜೋಳದ ಋಣವನ್ನು ತೀರಿಸುವ ವ್ರತವೆಂದು ಅದರ ಅರ್ಥ. ಒಡೆಯನ ಜೋಳವನ್ನುಂಡ ವೀರನು ಅವನಿಗಾಗಿ ಪ್ರಾಣವನ್ನು ಕೊಡುವದು ಜೋಳವಾಳಿಯ ಧರ್ಮವೆನಿಸಿತ್ತು. ನಿಷ್ಠೆಗೆ ಅನ್ನದ ಹೆಸರನ್ನಾಗಲಿ ಚಿನ್ನದ ಹೆಸರನ್ನಾಗಲಿ ಇಡದೆ ಜೋಳದ ಹೆಸರನ್ನಿಟ್ಟದ್ದು ಗಮನಿಸತಕ್ಕದ್ದು. ಆ ಕಾಲದ ಬಯಲುಸೀಮೆಯಲ್ಲಿ ಜೋಳವೆಂದರೆ ಜೀವನವೇ ಆಗಿತ್ತೆಂಬುದು ಇದರಿಂದ ತಿಳಿಯುವದು.

ಆದರೆ ಈ ವ್ರತವು ಎಲ್ಲರಿಂದಲೂ ನಡೆಯಿತೆಂದು ತಿಳಿಯಬಾರದು. ಇಂದಿನ ವಿಜಯಪುರ ಸೀಮೆಯು ಅಂದು ತರ್ದವಾಡಿ ಸಾಸಿರವೆಂಬ ನಾಡಿನಲ್ಲಿ ಸೇರಿತ್ತು. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ಈ ನಾಡನ್ನು ಚಾಲುಕ್ಯ ವಂಶದ ತೈಲಪನಿಗೆ ಅಣುಗಜೀವಿತವಾಗಿ, ಎಂದರೆ ಪ್ರೀತಿಯ ಉಂಬಳಿಯಾಗಿ ಕೊಟ್ಟಿದ್ದನೆಂಬುದು ಕ್ರಿ. ಶ. 965ರ ನರಸಲಗಿಯ ಶಾಸನದಿಂದ ತಿಳಿದುಬರುವದು. ಅದೇ ತೈಲಪನು 973ರಲ್ಲಿ ರಾಷ್ಟ್ರಕೂಟರ ಪ್ರಭುತ್ವವನ್ನು ಮುರಿದು ತಾನೇ ಅರಸನಾದನು. ಒಡೆಯರ ಮೇಲಿನ ನಿಷ್ಠೆಯು ಇಷ್ಟು ಚಂಚಲವಾದದ್ದು. ಹಾಗಾದರೆ ಈ ಸೀಮೆಯ ಒಕ್ಕಲಿಗನು ಸಾವಿರ ವರ್ಷಗಳಲ್ಲಿ ಯಾರಿಗೆ ನಿಷ್ಠನಾಗಿ ಉಳಿದನು? ಅವನ ಹೊಲವನ್ನು ನೋಡಿದರೆ ಉತ್ತರವು ದೊರೆಯುವದು.

ವಿಜಯಪುರ ನಗರದಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ಹೋದರೆ ತಿಕೋಟಾ. ನೈಋತ್ಯಕ್ಕೆ ಸುಮಾರು 25 ಕಿಲೋಮೀಟರು ಹೋದರೆ ಬಬಲೇಶ್ವರ. ಬಬಲೇಶ್ವರಕ್ಕೆ ಹೋಗುವವನು ಸಾರವಾಡದ ಹತ್ತಿರ ಡೋಣಿ ಹೊಳೆಯನ್ನು ದಾಟಬೇಕಾಗುವದು. ಜತ್ತದ ಕಡೆ ಹುಟ್ಟಿ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಕೂಡುವ ಈ ಹೊಳೆಯ ನೀರು ಉಪ್ಪು, ಕುಡಿಯಲಿಕ್ಕೆ ಒದಗದು. ಆದರೆ ಅದರ ದಂಡೆಯ ಎರೆಯ ಭೂಮಿಯು ನಾಡಿನಲ್ಲಿಯೇ ಹೆಸರಾದದ್ದು. ಡೋಣಿಯ ಸಾಲು ಬೆಳೆದರೆ ಓಣಿಯೆಲ್ಲ ಜೋಳವೆಂದು ಗಾದೆಯುಂಟು. ಇಲ್ಲಿ ವರುಷಕ್ಕೆ ಬೀಳುವ ಮಳೆಯು ಸರಾಸರಿ 600 ಮಿಲಿಮೀಟರಿಗಿಂತ ಕಡಿಮೆ. ಮಳೆಗಾಲದ ಕೊನೆಯಲ್ಲಿ ಎರೆಯು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವದು. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳವು ಆ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿ ಬೆಳೆಯುವದು. ನೆಲ್ಲಾಗಲಿ ರಾಗಿಯಾಗಲಿ ಈ ನೆಲದಲ್ಲಿ ಹೀಗೆ ಬಾಳಲಾರವು. ರೊಟ್ಟಿಯು ವಿಜಯಪುರದವನ ಹಟವಲ್ಲ, ಅವನ ಮಣ್ಣಿನ ತೀರ್ಪು.

ಆ ತೀರ್ಪಿಗೆ ತಕ್ಕಂತೆ ಅಡಿಗೆಯೂ ಬೆಳೆಯಿತು. ಬಿಸಿರೊಟ್ಟಿಯು ಮನೆಯವರಿಗೆ, ತಿಂಗಳುಗಟ್ಟಲೆ ಕೆಡದಿರುವ ಖಡಕ ರೊಟ್ಟಿಯು ಪ್ರಯಾಣಕ್ಕೆ, ಜಾತ್ರೆಗೆ, ಮದುವೆಗೆ. ಕಾಯಿಪಲ್ಲೆ ದೊರೆಯದ ಬೇಸಗೆಗೆ ಜುಣಕ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಎಳ್ಳ ಅಮವಾಸ್ಯೆಯ ದಿನ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತಾವು ಉಣ್ಣುವ ಮೊದಲು ಭೂಮಿತಾಯಿಗೆ ಚರಗ ಚೆಲ್ಲುವರು. ಜೋಳವಾಳಿಯ ನಿಜವಾದ ಆಚರಣೆಯು ಇದೇ ಎನ್ನಬಹುದು. ಇಲ್ಲಿ ಋಣವು ಒಡೆಯನದಲ್ಲ, ನೆಲದ್ದು.

ಧಾನ್ಯಗಳಲ್ಲಿ ಮೇಲುಕೀಳೆಣಿಸುವ ಚಟವು ಹೊಸದಲ್ಲ. ಕನಕದಾಸರು ತಮ್ಮ ರಾಮಧಾನ್ಯಚರಿತೆಯಲ್ಲಿ ನೆಲ್ಲು ರಾಗಿಗಳ ವ್ಯಾಜ್ಯವನ್ನು ಶ್ರೀರಾಮನ ಮುಂದೆ ಇಡಿಸಿ, ಬಡವರ ರಾಗಿಗೆ ಜಯವನ್ನು ಕೊಡಿಸಿದರು. ಆ ತೀರ್ಪನ್ನು ಮೆಚ್ಚುವವರು ರೊಟ್ಟಿಯನ್ನು ಒರಟೆಂದು ಜರಿಯುವದು ನ್ಯಾಯವಲ್ಲ. ಹಾಗೆಯೇ ರೊಟ್ಟಿಯವರು ತಮ್ಮ ಊಟವೇ ಅನಾದಿಯೆಂದು ಬೀಗುವದೂ ಸಲ್ಲದು. ಜೋಳವು ಮೂಲತಃ ಪೂರ್ವ ಆಫ್ರಿಕೆಯ ಧಾನ್ಯವೆಂದು ಸಸ್ಯಶಾಸ್ತ್ರಜ್ಞರು ನಿರ್ಣಯಿಸಿರುವರು. ಸಂಸ್ಕೃತದಲ್ಲಿ ಅದಕ್ಕೆ ಯಾವನಾಲವೆಂದು ಹೆಸರು. ಮೆಣಸಿನಕಾಯಿ, ಶೇಂಗಾ, ಬಟಾಟೆಗಳು ಅಮೇರಿಕೆಯಿಂದ ಹೊರಟು, ಪೋರ್ತುಗೀಜರು ಸಮುದ್ರದ ದಾರಿಯಲ್ಲಿ ಬಂದ ತರುವಾಯ ಈ ದೇಶಕ್ಕೆ ಪರಿಚಿತವಾದವು. 1510ರಲ್ಲಿ ಅವರು ಗೆದ್ದ ಗೋವೆಯು ಅಲ್ಲಿಯವರೆಗೆ ವಿಜಯಪುರದ ಆದಿಲಶಾಹಿಗೇ ಸೇರಿತ್ತು. ಹೀಗೆ ಇಂದು ಯಾವುದು ಅಪ್ಪಟ ವಿಜಯಪುರದ ಊಟವೆನಿಸಿದೆಯೋ ಆ ತಾಟಿನಲ್ಲಿ ಮೂರು ಖಂಡಗಳ ಬೆಳೆಯು ಕೂಡಿರುವದು.

ನಗರದ ಸಂಗತಿಯು ಹಳ್ಳಿಯದಕ್ಕಿಂತ ಕೊಂಚ ಬೇರೆ. ಸುಮಾರು ಎರಡು ನೂರು ವರುಷ, 1686ರಲ್ಲಿ ಔರಂಗಜೇಬನು ಕೋಟೆಯನ್ನು ಹಿಡಿಯುವವರೆಗೆ, ಅದು ಆದಿಲಶಾಹಿಯ ರಾಜಧಾನಿಯಾಗಿತ್ತು. ಪಾರಸಿ, ಅರಬೀ, ತುರ್ಕಿ ನುಡಿಗಳ ಜನರು ಅಲ್ಲಿ ಬಂದು ನೆಲೆಸಿದರು. ಒಂದನೆಯ ಇಬ್ರಾಹಿಮನು ಪಾರಸಿಯಲ್ಲಿದ್ದ ಸರಕಾರದ ಲೆಕ್ಕಪತ್ರಗಳನ್ನು ದೇಶಭಾಷೆಗೆ ತಿರುಗಿಸಿ ಬ್ರಾಹ್ಮಣ ಲೆಕ್ಕಿಗರನ್ನು ನೇಮಿಸಿದನೆಂದು ಇತಿಹಾಸಕಾರನಾದ ಫಿರಿಸ್ತಾ ಬರೆದಿಟ್ಟಿರುವನು. ಎರಡನೆಯ ಇಬ್ರಾಹಿಮನು ದಖನಿಯಲ್ಲಿ ‘ಕಿತಾಬೆ ನವರಸ’ವೆಂಬ ಗೀತಗ್ರಂಥವನ್ನು ರಚಿಸಿದನು; ಜನರು ಅವನನ್ನು ಜಗದ್ಗುರುವೆಂದು ಕರೆದರು. ತಿಕೋಟಾದ ದಾರಿಯಲ್ಲಿ ನಗರಕ್ಕೆ ಸಮೀಪವಾಗಿಯೇ ತೊರವೆಯೆಂಬ ಗ್ರಾಮವುಂಟು. ಅಲ್ಲಿಯ ನರಸಿಂಹನ ಅಂಕಿತದಲ್ಲಿ ಕುಮಾರವಾಲ್ಮೀಕಿಯು ಕನ್ನಡ ರಾಮಾಯಣವನ್ನು ಬರೆದನು. ಅದೇ ತೊರವೆಯ ಪಕ್ಕದಲ್ಲಿ 1599ರಲ್ಲಿ ಇಬ್ರಾಹಿಮನು ನವರಸಪುರವನ್ನು ಕಟ್ಟಲಿಕ್ಕೆ ಆರಂಭಿಸಿದನು. 1624ರಲ್ಲಿ ಮಲಿಕಂಬರನು ಅದನ್ನು ಹಾಳುಗೆಡವಿದನು. ಭಾಮಿನೀಷಟ್ಪದಿಯ ರಾಮಾಯಣವೂ ದಖನಿಯ ನವರಸವೂ ಒಂದೇ ಊರಿನ ನೀರನ್ನು ಕುಡಿದವು. ನಗರದ ಓಣಿಯಲ್ಲಿ ಇಂದಿಗೂ ಒಬ್ಬನೇ ಮನುಷ್ಯನು ನೆರೆಯವನೊಡನೆ ದಖನಿಯಲ್ಲಿಯೂ, ಸಂತೆಗೆ ಬಂದ ಒಕ್ಕಲಿಗನೊಡನೆ ಕನ್ನಡದಲ್ಲಿಯೂ ತೊಡರಿಲ್ಲದೆ ಮಾತಾಡುವನು. ದಖನಿಯ ‘ನಕ್ಕೋ’ ಎಂಬ ಮಾತಾದರೂ ಮರಾಠಿಯ ‘ನಕೋ’ದಿಂದ ಬಂದದ್ದು. ರಂಜಾನಿನ ಶೀರಕುರ್ಮಾವು ನೆರೆಯ ಲಿಂಗವಂತರ ಮನೆಗೂ, ಉಗಾದಿಯ ಹೋಳಿಗೆಯು ಮುಸಲ್ಮಾನರ ಮನೆಗೂ ಹೋಗುವ ವಾಡಿಕೆಯುಂಟು. ಹಳ್ಳಿಗಳಲ್ಲಿ ಮೊಹರಮಿನ ರಿವಾಯತ ಪದಗಳನ್ನು ಕನ್ನಡದಲ್ಲಿ ಕಟ್ಟಿ ಹಾಡುವವರಲ್ಲಿ ಹಿಂದುಗಳೂ ಇರುವರು.

ಆದಿಲಶಾಹಿಯ ತರುವಾಯ ಈ ಸೀಮೆಯು ಮೊಗಲರಿಗೂ, ನಿಜಾಮನಿಗೂ, 1760ರಲ್ಲಿ ಪೇಶ್ವೆಯವರಿಗೂ ಸೇರಿತು. 1818ರಲ್ಲಿ ಇಂಗ್ಲಿಷರ ವಶವಾಗಿ ಸಾತಾರೆಯ ಅರಸನಿಗೆ ಒಪ್ಪಿಸಲ್ಪಟ್ಟಿತು. 1848ರಲ್ಲಿ ತಿರುಗಿ ಇಂಗ್ಲಿಷರಿಗೇ ಬಂದು ಮುಂಬಯಿ ಇಲಾಖೆಯಲ್ಲಿ ಉಳಿಯಿತು. ಕಲಾದಗಿಯಲ್ಲಿದ್ದ ಜಿಲ್ಲೆಯ ಮುಖ್ಯ ಕಚೇರಿಯು 1885ರಲ್ಲಿ ವಿಜಯಪುರಕ್ಕೆ ಬಂದಿತು. ಪ್ರತಿಯೊಂದು ಸರಕಾರವೂ ಜನರ ಬಾಯಲ್ಲಿ ತನ್ನ ಕೆಲವು ಶಬ್ದಗಳನ್ನು ಬಿಟ್ಟುಹೋಯಿತು. ತಾಲೂಕಿನ ಅಧಿಕಾರಿಯನ್ನು ಮೈಸೂರಿನವರು ಅಮಲ್ದಾರನೆಂದರು, ಮುಂಬಯಿಯವರು ಮಾಮಲೇದಾರನೆಂದರು, ಹೈದರಾಬಾದಿನವರು ತಹಶೀಲ್ದಾರನೆಂದರು. ಅಲ್ಲಿಯ ಶ್ಯಾನುಭೋಗನು ಇಲ್ಲಿ ಕುಲಕರ್ಣಿಯಾದನು. ಚಿಕ್ಕಪ್ಪನು ಕಾಕಾ ಆದನು, ಅತ್ತಿಗೆಯು ವೈನಿಯಾದಳು. ಇವನ್ನು ಕೇಳಿ ‘ಇದು ಮರಾಠಿ ಬೆರೆತ ಕನ್ನಡ’ವೆಂದು ನಗುವವರು ತಮ್ಮ ಮಾತನ್ನೂ ಪರೀಕ್ಷಿಸಿಕೊಳ್ಳಲಿ. ದವಾಖಾನೆಯು ಪಾರಸಿಯದಾದರೆ ಆಸ್ಪತ್ರೆಯು ಪರಂಗಿಯವರದು. ಬಟಾಟೆಯು ಪೋರ್ತುಗೀಜರದಾದರೆ ಆಲೂಗಡ್ಡೆಯ ಪೂರ್ವಾರ್ಧವು ಹಿಂದಿಯದು. ಇದಕ್ಕೆ ಪ್ರತಿಯಾಗಿ ಉಳ್ಳಾಗಡ್ಡಿ ಈರುಳ್ಳಿಗಳೆರಡರಲ್ಲಿಯೂ ಒಂದೇ ಹಳೆಯ ‘ಉಳ್ಳಿ’ಯು ಅಡಗಿರುವದು.

ವ್ಯಾಕರಣದ ಮಾತೂ ಹೀಗೆಯೇ. ‘ಮಾಡುತ್ತ ಇದ್ದಾನೆ’ ಎಂಬುದು ಕೂಡಿ ‘ಮಾಡುತ್ತಿದ್ದಾನೆ’ ಆದಂತೆ, ‘ಮಾಡಲಿಕ್ಕೆ ಹತ್ತಿದ್ದಾನೆ’ ಎಂಬುದು ಸವೆದು ‘ಮಾಡಾಕ ಹತ್ಯಾನ’ ಆಗಿರುವದು. ಹತ್ತು ಎಂಬ ಧಾತುವಿಗೆ ತೊಡಗು ಎಂಬ ಅರ್ಥವು ಪ್ರಾಚೀನವಾದದ್ದು. ಒಂದು ರೂಪವನ್ನು ಶಿಷ್ಟವೆಂದೂ ಇನ್ನೊಂದನ್ನು ಗ್ರಾಮ್ಯವೆಂದೂ ಗೊತ್ತುಮಾಡಿದ್ದು ಪಾಠಪುಸ್ತಕಗಳೇ ಹೊರತು ಭಾಷೆಯ ಸ್ವಭಾವವಲ್ಲ. ಈ ನಗರವೇ ಕನ್ನಡಕ್ಕೆ ಮಾಡಿದ ಉಪಕಾರವು ಸಣ್ಣದಲ್ಲ. ಇಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಯೋಲೆಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಸಾಹಿತ್ಯ ಸಮ್ಮೇಳನವು 1923ರಲ್ಲಿ ಇಲ್ಲಿಯೇ ನೆರೆಯಿತು. ಇಂದು ಬೆಂಗಳೂರು ಮೈಸೂರುಗಳ ವಿದ್ಯಾರ್ಥಿಗಳು ವಚನಗಳನ್ನು ಅಚ್ಚಿನಲ್ಲಿ ಓದುವದರ ಹಿಂದೆ ವಿಜಯಪುರದ ಈ ಶ್ರಮವುಂಟು.

ಈಗ ನಿಷ್ಠೆಯ ವಿಷಯ. ಈ ಸೀಮೆಯ ಮನುಷ್ಯನು ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದವನು, ಧಾರವಾಡದಲ್ಲಿ ವಿಜಾಪುರದವನು, ವಿಜಯಪುರ ನಗರದಲ್ಲಿ ತಿಕೋಟಾ ಕಡೆಯವನು, ತಿಕೋಟಾದಲ್ಲಿ ತನ್ನ ಹಳ್ಳಿಯವನು. ನಿಷ್ಠೆಯು ಹೀಗೆ ಒಳಗೊಳಗೆ ಸುತ್ತುವ ಉಂಗುರದಂತಿರುವದು. ನೆರೆಯ ಊರುಗಳಲ್ಲಿಯೂ ಪೈಪೋಟಿಯಿಲ್ಲದಿಲ್ಲ. ವಿಧಾನಸಭೆಯ ಕ್ಷೇತ್ರಕ್ಕೆ ಇದ್ದ ತಿಕೋಟಾದ ಹೆಸರು 2008ರ ಪುನರ್ವಿಂಗಡಣೆಯಲ್ಲಿ ಅಳಿದು ಬಬಲೇಶ್ವರದ ಹೆಸರು ಬಂದಿತು; ಅದರ ತರುವಾಯ ಎರಡೂ ಊರುಗಳು ತಾಲೂಕಿನ ಸ್ಥಳಗಳಾದವು. ತಿಕೋಟಾದ ಆಚೆಗೆ ಜತ್ತ ಸಂಸ್ಥಾನವೂ, ಬಬಲೇಶ್ವರದ ಆಚೆಗೆ ಪಟವರ್ಧನರ ಜಮಖಂಡಿ ಸಂಸ್ಥಾನವೂ ಇದ್ದವು. 1948ರಲ್ಲಿ ಸಂಸ್ಥಾನಗಳು ವಿಲೀನವಾದಾಗ ಜಮಖಂಡಿಯು ವಿಜಾಪುರ ಜಿಲ್ಲೆಗೆ ಬಂದಿತು. ಜತ್ತವು ಆಚೆಯೇ ಉಳಿದು, 1960ರಲ್ಲಿ ಹುಟ್ಟಿದ ಮಹಾರಾಷ್ಟ್ರ ರಾಜ್ಯಕ್ಕೆ ಸೇರಿತು. ಜತ್ತದ ಪೂರ್ವಭಾಗದ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಶಾಲೆಗಳುಂಟು. ತಿಕೋಟಾದ ಹೆಣ್ಣನ್ನು ಅಲ್ಲಿಗೆ ಕೊಡುವರು, ಅಲ್ಲಿಯ ಸೊಸೆಯನ್ನು ಇಲ್ಲಿಗೆ ತರುವರು. ಗಡಿಯ ಕಲ್ಲು ಸರಕಾರಗಳನ್ನು ಬೇರೆಮಾಡಿತೇ ಹೊರತು ರೊಟ್ಟಿಯನ್ನು ಬೇರೆಮಾಡಲಿಲ್ಲ.

ಈ ನೆಲದ ನಿಷ್ಠೆಗೆ ಅತ್ಯಂತ ಕಠಿಣವಾದ ಪರೀಕ್ಷೆಯು 1876ರಿಂದ 1878ರ ವರೆಗಿನ ಬರಗಾಲದಲ್ಲಿ ಬಂದಿತು. 1872ರ ಖಾನೇಶುಮಾರಿಯಲ್ಲಿ 8 ಲಕ್ಷವನ್ನು ಮೀರಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆಯು 1881ರಲ್ಲಿ 6 ಲಕ್ಷ 40 ಸಾವಿರದೊಳಗೆ ಇಳಿದಿತ್ತು. ಹಗೇವುಗಳು ಬರಿದಾದವು, ಸತ್ತವರು ಸತ್ತರು, ಗುಳೆ ಹೋದವರು ಹೋದರು. ಮಳೆ ಬಂದ ಮೇಲೆ ಉಳಿದವರು ತಿರುಗಿ ಅದೇ ಎರೆಯಲ್ಲಿ ಅದೇ ಜೋಳವನ್ನು ಬಿತ್ತಿದರು.

ಅರಸರೂ ಬರಗಾಲಗಳೂ ಮಾಡಲಾರದ್ದನ್ನು ಇಂದು ನೀರು ಮಾಡುತ್ತಿರುವದು. 1633ರಲ್ಲಿ ಮಹಮ್ಮದ ಆದಿಲಶಹನು ಬಬಲೇಶ್ವರದ ಸೀಮೆಯ ಮಮದಾಪುರದಲ್ಲಿ ಕೆರೆಯನ್ನು ಕಟ್ಟಿಸಿದ ಕಾಲದಿಂದ ಈ ಜನರು ನೀರಿಗಾಗಿ ಹಂಬಲಿಸಿದವರು. 1964ರಲ್ಲಿ ಆಲಮಟ್ಟಿಯ ಆಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. ಈಚಿನ ವರುಷಗಳಲ್ಲಿ ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಮೇಲಿನ ಮಡ್ಡಿಗೂ ಏರಿತು. ತಿಕೋಟಾದ ಸುತ್ತಲು ದ್ರಾಕ್ಷಿಯ ಚಪ್ಪರಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಎದ್ದಿರುವವು. ಬಬಲೇಶ್ವರದ ಕಡೆಗೆ ಕಬ್ಬು ಹಬ್ಬಿರುವದು. ಗುಳೆ ಹೋಗುತ್ತಿದ್ದವರ ಮಕ್ಕಳು ಮನೆಯಲ್ಲಿಯೇ ನಿಂತು ದುಡಿಯುವರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಜೋಳದ ಹೊಲವು ಅಷ್ಟಷ್ಟೇ ಕುಗ್ಗುತ್ತಿರುವದು. ಎತ್ತಿಗೆ ಕಣಿಕೆಯೂ ಮನೆಗೆ ಬಿಳಿಜೋಳವೂ ಕೊಂಡು ತರುವ ವಸ್ತುಗಳಾಗುತ್ತಿರುವವು. ರೊಟ್ಟಿ ಬಡಿಯುವ ಸಪ್ಪಳವು ಮನೆಯಲ್ಲಿ ಅಡಗಿ, ಖಾನಾವಳಿಯಲ್ಲಿ ಮಾತ್ರ ಕೇಳಿಬರುವ ಕಾಲವು ದೂರವಿಲ್ಲ. ರೊಟ್ಟಿಯೊಡನೆ ಹಗೇವು, ಕೂರಿಗೆ, ಚರಗಗಳ ಮಾತೂ ಹೋಗುವದು.

ಹಾಗೆಂದು ದ್ರಾಕ್ಷಿಯನ್ನು ಕಿತ್ತು ಜೋಳವನ್ನು ಬಿತ್ತಿರೆಂದು ಯಾರೂ ಹೇಳಲಾರರು. ಜೋಳವೇ ಒಂದು ಕಾಲಕ್ಕೆ ಹೊರಗಿನಿಂದ ಬಂದ ಅತಿಥಿ. ದ್ರಾಕ್ಷಿಯೂ ನಾಳೆ ಮನೆಯದಾಗಬಹುದು. ಉಳಿಸಿಕೊಳ್ಳತಕ್ಕದ್ದು ಋಣದ ಅರಿವು. 2022ರಲ್ಲಿ ತುಬಚಿ–ಬಬಲೇಶ್ವರ ಯೋಜನೆಯ ನೀರು ಗಡಿಯನ್ನು ದಾಟಿ ಜತ್ತ ತಾಲೂಕಿನ ತಿಕ್ಕುಂಡಿಯ ಕೆರೆಗೆ ಹರಿಯಿತು. ರಾಜ್ಯಗಳ ವ್ಯಾಜ್ಯವು ಏನೇ ಇರಲಿ, ಬೀಗರ ಊರಿನ ಕೆರೆ ತುಂಬಿತೆಂದು ತಿಕೋಟಾದ ಮನೆಗಳು ಹಿಗ್ಗತಕ್ಕದ್ದೇ ಸರಿ. ಒಡೆಯನಿಗಾಗಿ ಸಾಯುವ ಜೋಳವಾಳಿಯು ಇಂದು ಬೇಡ. ಉಂಡ ನೆಲವನ್ನೂ, ಉಣಬಡಿಸಿದ ಕೈಯನ್ನೂ, ಆ ಕೈಯವಳು ಆಡಿದ ಮಾತನ್ನೂ ನಾಚದೆ ನೆನೆಯುವದು ಇಂದಿನ ಜೋಳವಾಳಿಯಾದರೆ ಸಾಕು. ಬೆಂಗಳೂರಿಗೆ ಹೋದ ತರುಣನು ‘ನಾವು ಹಿಂಗ ಮಾತಾಡತೀವಿ, ಇದೂ ಕನ್ನಡರೀ’ ಎಂದು ತಲೆಯೆತ್ತಿ ನುಡಿದರೆ, ಅವನ ತಾಯಿಯು ಬಡಿದ ರೊಟ್ಟಿಯ ಋಣವು ಅಷ್ಟರಮಟ್ಟಿಗೆ ತೀರಿದಂತೆಯೇ.