1918ರ ಇನ್‌ಫ್ಲುಯೆಂಜಾ ಮತ್ತು ಬಾಸ್ಟನ್ನಿನ 100 ಮನೋರೋಗಿಗಳು: ಕಾಲಾವಧಿಯನ್ನು ಕುರಿತ ಟಿಪ್ಪಣಿ

1. ಆಕರ

ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯ 1919ರ ಜನವರಿ 25ರ ಸಂಚಿಕೆಯಲ್ಲಿ ಮನೋವೈದ್ಯ ಕಾರ್ಲ್ ಮೆನಿಂಗರ್ ಅವರು ಬಾಸ್ಟನ್ ಸೈಕೋಪಥಿಕ್ ಆಸ್ಪತ್ರೆಯ 100 ರೋಗಿಗಳ ವಿಶ್ಲೇಷಣೆಯನ್ನು ಪ್ರಕಟಿಸಿದರು. ಎಲ್ಲರ ಮನೋವಿಕಾರವೂ ಇನ್‌ಫ್ಲುಯೆಂಜಾ ಜ್ವರಕ್ಕೆ ಸಂಬಂಧಪಟ್ಟದ್ದೆಂದು ಗುರುತಿಸಲಾಗಿತ್ತು. ವರ್ಗೀಕರಣ ಹೀಗಿದೆ: ಡಿಮೆನ್ಷಿಯಾ ಪ್ರೀಕಾಕ್ಸ್ (ನಂತರ ಸ್ಕಿಜೋಫ್ರೇನಿಯಾ ಎನಿಸಿಕೊಂಡ ವರ್ಗ) 35, ಸನ್ನಿ 16, ಇತರ ಚಿತ್ತವಿಕಲತೆಗಳು 23, ಯಾವ ವರ್ಗಕ್ಕೂ ಸೇರದವು 26. ಇನ್‌ಫ್ಲುಯೆಂಜಾ ವೈರಾಣು ಮನುಷ್ಯರಲ್ಲಿ ಪತ್ತೆಯಾದದ್ದು 1933ರಲ್ಲಿ. ಹಾಗಾಗಿ ಇಲ್ಲಿ ಜ್ವರದ ನಿರ್ಣಯವೂ ಲಕ್ಷಣಗಳನ್ನಷ್ಟೇ ಆಧರಿಸಿದೆ.

2. ಕಾಲಾವಧಿ

ಸಾಂಕ್ರಾಮಿಕದ ಮಾರಕ ಅಲೆ ಬಾಸ್ಟನ್ನಿನ ಕಾಮನ್‌ವೆಲ್ತ್ ಪಿಯರ್‌ನ ನಾವಿಕರಲ್ಲಿ ಕಾಣಿಸಿಕೊಂಡದ್ದು 1918ರ ಆಗಸ್ಟ್ ಕೊನೆಯ ವಾರದಲ್ಲಿ. ಅಲ್ಲಿಂದ ಲೇಖನದ ಪ್ರಕಟಣೆಗೆ ಐದು ತಿಂಗಳೂ ಇಲ್ಲ. ಇದು ಗಮನಾರ್ಹ. ಡಿಮೆನ್ಷಿಯಾ ಪ್ರೀಕಾಕ್ಸ್ ಎಂಬ ವರ್ಗವನ್ನು ಜರ್ಮನ್ ಮನೋವೈದ್ಯ ಎಮಿಲ್ ಕ್ರೇಪೆಲಿನ್ ಕಟ್ಟಿದ್ದು ಬಹುಮಟ್ಟಿಗೆ ರೋಗದ ದೀರ್ಘಗತಿ ಮತ್ತು ಪರಿಣಾಮಗಳ ಮೇಲೆ. ಮೇಲಾಗಿ ಬಾಸ್ಟನ್ನಿನ ಈ ಆಸ್ಪತ್ರೆ ಅಲ್ಪಾವಧಿಯ ವೀಕ್ಷಣೆಗೆ ಮೀಸಲಾಗಿತ್ತು. ಆಗಿನ ಮ್ಯಾಸಚೂಸೆಟ್ಸ್ ಕಾನೂನಿನ ತಾತ್ಕಾಲಿಕ ದಾಖಲಾತಿಯ ಮಿತಿ 10 ದಿನವಾಗಿತ್ತು. ಆ 35ರಲ್ಲಿ ಹಲವು ನಿರ್ಣಯಗಳಾದರೂ, ಅವು ಅವಲಂಬಿಸಬೇಕಿದ್ದ ರೋಗಗತಿ ಕಾಣುವ ಮೊದಲೇ ಆದವೆಂದು ಊಹಿಸಲು ಅವಕಾಶವಿದೆ.

3. 1926ರ ಅನುಸರಣೆ

ಇದೇ ಸಾಂಕ್ರಾಮಿಕದ ನಂತರ ಡಿಮೆನ್ಷಿಯಾ ಪ್ರೀಕಾಕ್ಸ್ ಎನಿಸಿಕೊಂಡವರ ಐದು ವರ್ಷಗಳ ಅನುಸರಣೆಯನ್ನು ಮೆನಿಂಗರ್ 1926ರಲ್ಲಿ ಪ್ರಕಟಿಸಿದರು. ಪತ್ತೆಹಚ್ಚಲು ಸಾಧ್ಯವಾದವರಲ್ಲಿ ಸುಮಾರು ಮೂರನೇ ಎರಡು ಭಾಗ ಗುಣಮುಖರಾಗಿದ್ದರು. ಈ ರೋಗ ವಾಸಿಯಾಗಬಲ್ಲದು ಎಂಬುದರ ಕಡೆಗೆ ಅವರ ಒಲವು. ಮೊದಲ ನಿರ್ಣಯವೇ ಅಕಾಲಿಕವಾಗಿತ್ತು, ಕೆಲವರದು ಎಳೆದುಕೊಂಡು ಹೋದ ಸನ್ನಿಯಾಗಿತ್ತು ಎಂಬ ಇನ್ನೊಂದು ಓದೂ ಸಾಧ್ಯ. ಪ್ರಸ್ತುತ ಟಿಪ್ಪಣಿ ಎರಡನೆಯದರ ಕಡೆಗೆ ತುಸು ವಾಲುತ್ತದೆ. ಆದರೆ ವರ್ಗೀಕರಣದ ಅಂಕಿಗಳಷ್ಟರಿಂದ ಎರಡನ್ನೂ ಬೇರ್ಪಡಿಸಲಾಗದು.

4. ಛೇದ

100 ಎಂಬುದು ಪ್ರಕರಣಗಳ ಸಂಖ್ಯೆ, ದರವಲ್ಲ. ನಗರದಲ್ಲಿ ಎಷ್ಟು ಜನರಿಗೆ ಜ್ವರ ತಗುಲಿತ್ತು, ಜ್ವರವಿಲ್ಲದೆಯೂ ದಾಖಲಾಗುತ್ತಿದ್ದವರು ಎಷ್ಟು ಎಂಬ ಛೇದಗಳಿಲ್ಲದೆ ಅದರಿಂದ ಏರಿಕೆಯನ್ನು ಸಾಧಿಸಲಾಗದು. ನಾರ್ವೆಯ ಮನೋರೋಗ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕ ಸ್ವೆನ್-ಎರಿಕ್ ಮಾಮೆಲುಂಡ್, ಇನ್‌ಫ್ಲುಯೆಂಜಾ ಕಾರಣವೆಂದು ನಮೂದಾದ ಪ್ರಥಮ ದಾಖಲಾತಿಗಳು ಸಾಂಕ್ರಾಮಿಕದ ನಂತರದ ಆರು ವರ್ಷ ಸರಾಸರಿ 7 ಪಟ್ಟಿನಷ್ಟಾದುದನ್ನು ತೋರಿಸಿದ್ದಾರೆ. ಅಲ್ಲಿಯೂ ಎಣಿಕೆಯಾದದ್ದು ವೈದ್ಯರು ನಮೂದಿಸಿದ ಕಾರಣ. ಸಾಂಕ್ರಾಮಿಕ ಎಲ್ಲರ ಗಮನದಲ್ಲಿದ್ದಾಗ ಆ ನಮೂದು ಹೆಚ್ಚುವ ಸಂಭವವನ್ನು ತಳ್ಳಿಹಾಕುವಂತಿಲ್ಲ.

ಒಟ್ಟು ದಾಖಲಾತಿ ವಿರುದ್ಧ ದಿಕ್ಕಿನಲ್ಲಿ ಸಾಗಬಹುದೆಂಬುದಕ್ಕೆ 2020ರ ಇಟಲಿಯ ಲೊಂಬಾರ್ಡಿ ನಿದರ್ಶನ. ಕೋವಿಡ್‌ನ ಮೊದಲ ವಾರಗಳಲ್ಲಿ ಅಲ್ಲಿನ ಮನೋರೋಗ ವಾರ್ಡುಗಳ ದಾಖಲಾತಿ ಇಳಿಯಿತು. ಇಳಿದದ್ದು ಮುಖ್ಯವಾಗಿ ಸ್ವಇಚ್ಛೆಯ ದಾಖಲಾತಿ. ಹಾಗಾಗಿ ಬಾಸ್ಟನ್ನಿನ 100 ಪ್ರಕರಣಗಳನ್ನು ಅದೇ ಆಸ್ಪತ್ರೆಯ 1917 ಮತ್ತು 1918ರ ಸೆಪ್ಟೆಂಬರ್-ಡಿಸೆಂಬರ್ ತಿಂಗಳುಗಳ ಒಟ್ಟು ದಾಖಲಾತಿಯ ಪಕ್ಕದಲ್ಲಿ, ದಾಖಲಾತಿಯ ಬಗೆಯನ್ನು ವಿಂಗಡಿಸಿ ಇಟ್ಟು ನೋಡುವುದು ಅಗತ್ಯ.