ಸತ್ತವರು ಏಳುವುದಿಲ್ಲವಾದರೆ: ಪೌಲನ ಒಂದು ವಾದ, ಅದನ್ನು ಓದಿದ ಮೂವರು

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ ಪೌಲ, ತಾನು ಊರೂರು ಸುತ್ತಿ ಸಾರುತ್ತಿರುವ ಸಂಗತಿಯೇ ಸುಳ್ಳೆಂದು ಇಟ್ಟುಕೊಂಡು, ಆಗ ಏನೇನಾಗುತ್ತದೆಂದು ಒಂದೊಂದಾಗಿ ಎಣಿಸುತ್ತಾನೆ. 12ರಿಂದ 19ರವರೆಗಿನ ಎಂಟು ವಚನಗಳ ಗ್ರೀಕ್ ಮೂಲದಲ್ಲಿ ಏಳು ಕಡೆ ‘ಹೀಗಿದ್ದ ಪಕ್ಷದಲ್ಲಿ’ ಎಂಬ ಷರತ್ತು ಬರುತ್ತದೆ. ಹೊಸ ಒಡಂಬಡಿಕೆಯಲ್ಲಿ ಇಷ್ಟು ಬಿಗಿಯಾಗಿ ಹೆಣೆದ ವಾದಗಳು ಕಡಿಮೆ. ಶಾಸ್ತ್ರವನ್ನು ತರ್ಕದಿಂದ ಅರ್ಥೈಸಬಹುದೇ ಎಂದು ಕೇಳುವವರು ಮೊದಲು ಇಲ್ಲಿಗೆ ಬರಬೇಕೆಂಬುದು ನನ್ನ ಅಭಿಪ್ರಾಯ. ಇಲ್ಲಿ ತರ್ಕ ಹೊರಗಿನಿಂದ ಬಂದು ಶಾಸ್ತ್ರವನ್ನು ಪರೀಕ್ಷಿಸುತ್ತಿಲ್ಲ, ಶಾಸ್ತ್ರವೇ ತರ್ಕ ಮಾಡುತ್ತಿದೆ. ಆ ವಾದ ಎಷ್ಟನ್ನು ಸಾಧಿಸುತ್ತದೆ, ಎಲ್ಲಿಗೆ ನಿಲ್ಲುತ್ತದೆ, ಅಗಸ್ಟೀನ್, ಥಾಮಸ್ ಅಕ್ವಿನಾಸ್ ಮತ್ತು ಜಾರ್ಜ್ ಗಿಲೆಸ್ಪಿ ಅದರಿಂದಲೂ ಅಂಥದೇ ವಾದಗಳಿಂದಲೂ ಏನು ಕಲಿತರು ಎಂಬುದು ಈ ಟಿಪ್ಪಣಿಯ ವಿಷಯ.

ಸಂದರ್ಭವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ರೋಮನ್ನರು ಕ್ರಿ.ಪೂ. 146ರಲ್ಲಿ ಕೆಡವಿದ ಕೊರಿಂಥವನ್ನು ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ವಸಾಹತಾಗಿ ಮತ್ತೆ ನೆಲೆಗೊಳಿಸಿದ್ದ. ಪೌಲ ಎಫೆಸದಲ್ಲಿದ್ದುಕೊಂಡು ಸುಮಾರು ಕ್ರಿ.ಶ. 53–55ರ ನಡುವೆ ಈ ಪತ್ರ ಬರೆದ. ಅಲ್ಲಿನ ಸಭೆಯ ಕೆಲವರು ಸತ್ತವರಿಗೆ ಪುನರುತ್ಥಾನವಿಲ್ಲ ಎನ್ನುತ್ತಿದ್ದರು. ಇವರು ಕ್ರಿಸ್ತನನ್ನು ನಿರಾಕರಿಸಿದವರಲ್ಲ ಎಂಬುದನ್ನು ಮರೆಯಬಾರದು. ಕ್ರಿಸ್ತ ಎದ್ದನೆಂಬುದನ್ನು ನಾವೆಲ್ಲ ಸಾರಿದೆವು, ನೀವೂ ನಂಬಿದಿರಿ ಎಂದು 11ನೆಯ ವಚನದಲ್ಲೇ ಪೌಲ ಹೇಳಿ ಮುಗಿಸಿದ್ದಾನೆ. ಅಂದರೆ ವಾದ ಶುರುವಾಗುವ ಹೊತ್ತಿಗೆ ಒಂದು ಸಂಗತಿಯನ್ನು ಇಬ್ಬರೂ ಒಪ್ಪಿಯಾಗಿದೆ. ಆ ಒಪ್ಪಿಗೆಯಿಲ್ಲದೆ ಮುಂದಿನ ಒಂದು ಹೆಜ್ಜೆಯೂ ಸಾಗದು.

ವಾದವನ್ನು ಬಿಡಿಸಿದರೆ ಹೀಗೆ ಕಾಣುತ್ತದೆ. ಸತ್ತವರ ಪುನರುತ್ಥಾನವೇ ಇಲ್ಲವೆಂದಾದರೆ ಕ್ರಿಸ್ತನೂ ಎದ್ದಿಲ್ಲ. ಕ್ರಿಸ್ತ ಎದ್ದಿಲ್ಲವಾದರೆ ಅಪೊಸ್ತಲರು ಸಾರಿದ್ದು ಟೊಳ್ಳು, ಕೇಳಿದವರ ನಂಬಿಕೆಯೂ ಟೊಳ್ಳು; ದೇವರು ಮಾಡದ್ದನ್ನು ಮಾಡಿದನೆಂದು ಹೇಳಿದ್ದರಿಂದ ಅಪೊಸ್ತಲರು ಸುಳ್ಳುಸಾಕ್ಷಿಗಳು; ವಿಶ್ವಾಸಿಗಳು ಇನ್ನೂ ತಮ್ಮ ಪಾಪಗಳಲ್ಲೇ ಇದ್ದಾರೆ; ಕ್ರಿಸ್ತನಲ್ಲಿ ನಿದ್ರೆಹೋದವರು ನಾಶವಾದರು. 20ನೆಯ ವಚನದಲ್ಲಿ ಸರಪಣಿ ಹಿಂದಕ್ಕೆ ತಿರುಗುತ್ತದೆ: ಆದರೆ ಕ್ರಿಸ್ತ ಎದ್ದಿದ್ದಾನೆ. ‘ಕ್ರಿಸ್ತನೂ ಎದ್ದಿಲ್ಲ’ ಎಂಬ ಕೊಂಡಿ ಸುಳ್ಳೆಂದಾದರೆ ಮೊದಲ ಕೊಂಡಿಯೂ ಸುಳ್ಳಾಗಲೇಬೇಕು. ಷರತ್ತಿನ ಉತ್ತರಾಂಗವನ್ನು ನಿರಾಕರಿಸಿ ಪೂರ್ವಾಂಗವನ್ನು ಕೆಡಹುವ ಈ ರೀತಿ ತರ್ಕಶಾಸ್ತ್ರದ ಪಠ್ಯಗಳಲ್ಲಿ ಮೊದಲೇ ಬರುವಂಥದ್ದು. ಇದರ ಆಕಾರದಲ್ಲಿ ಕುಂದಿಲ್ಲ.

ಆದರೆ ಪೌಲ ಬಾಯಿಬಿಟ್ಟು ಹೇಳದ ಒಂದು ಆಧಾರವಾಕ್ಯ ಮೊದಲ ಹೆಜ್ಜೆಯಲ್ಲೇ ಇದೆ. ‘ಸತ್ತವರಾರೂ ಏಳುವುದಿಲ್ಲ’ ಎಂಬುದರಿಂದ ‘ಕ್ರಿಸ್ತನೂ ಎದ್ದಿಲ್ಲ’ ಎಂಬುದು ಬರಬೇಕಾದರೆ, ಕ್ರಿಸ್ತ ನಿಜವಾಗಿ ಸತ್ತವರ ಗುಂಪಿಗೆ ಸೇರಿದವನಾಗಿರಬೇಕು. ಅವನ ಮಾತೇ ಬೇರೆ, ಅವನು ಎಲ್ಲರಂತಲ್ಲ ಎಂದು ಕೊರಿಂಥದವನೊಬ್ಬ ವಾದಿಸಿದ್ದರೆ ಸರಪಣಿ ಅಲ್ಲೇ ಕಳಚುತ್ತಿತ್ತು. ಈಗ 3 ಮತ್ತು 4ನೆಯ ವಚನಗಳನ್ನು ಮತ್ತೆ ನೋಡಬೇಕು. ತಾನು ಪಡೆದು ದಾಟಿಸಿದ ಉಪದೇಶದಲ್ಲಿ ಪೌಲ ಕ್ರಿಸ್ತ ಸತ್ತ, ಎದ್ದ ಎಂದಷ್ಟೇ ಹೇಳದೆ, ನಡುವೆ ಅವನನ್ನು ಹೂಣಿದರೆಂಬುದನ್ನೂ ಸೇರಿಸಿದ್ದಾನೆ. ಮೇಲುನೋಟಕ್ಕೆ ಅದು ಘಟನೆಗಳ ಕ್ರಮವನ್ನು ತುಂಬಿಸುವ ಮಾತಿನಂತೆ ತೋರುತ್ತದೆ. ವಾದದ ದೃಷ್ಟಿಯಿಂದ ನೋಡಿದರೆ, ಎಲ್ಲ ಮನುಷ್ಯರ ಹಾಗೆ ಸತ್ತು ಸಮಾಧಿ ಸೇರಿದವನು ಇವನು ಎಂಬುದಕ್ಕೆ ಅದೇ ಪುರಾವೆ. ಹೇಳದೆ ಬಿಟ್ಟ ಆಧಾರವಾಕ್ಯಕ್ಕೆ ಬೇಕಾದ ನೆಲ ಎಂಟು ವಚನಗಳಷ್ಟು ಮುಂಚೆಯೇ ಸಿದ್ಧವಾಗಿದೆ. ಹಾಗೆ ಯೋಜಿಸಿಯೇ ಪೌಲ ಬರೆದನೆಂದು ನಾನು ಹೇಳುತ್ತಿಲ್ಲ. ಅಧ್ಯಾಯದ ರಚನೆ ಹಾಗೆ ನಿಲ್ಲುತ್ತದೆ ಎನ್ನುತ್ತಿದ್ದೇನೆ.

ಇನ್ನೂ ದೊಡ್ಡ ತೊಡಕು ಮುಂದಿದೆ. ‘ಯಾರೂ ಏಳುವುದಿಲ್ಲ’ ಎಂಬ ಮಾತು ಸುಳ್ಳೆಂದು ತೋರಿಸಿದರೆ ತಾರ್ಕಿಕವಾಗಿ ಕೈಗೆ ಸಿಗುವುದೇನು? ‘ಎಲ್ಲರೂ ಏಳುತ್ತಾರೆ’ ಎಂಬುದು ಸಿಗುವುದಿಲ್ಲ. ಒಬ್ಬನಾದರೂ ಎದ್ದಿದ್ದಾನೆ ಎಂಬುದಷ್ಟೇ ಸಿಗುತ್ತದೆ. ‘ಯಾರೂ ಇಲ್ಲ’ ಎಂಬುದರ ನೇರ ವಿರೋಧ ‘ಕೆಲವರಿದ್ದಾರೆ’ ಎಂಬುದು. ಅರಿಸ್ಟಾಟಲ್ ಕಾಲದಿಂದ ಇದು ತಿಳಿದ ವಿಷಯ. ಕೊರಿಂಥದ ವಿಶ್ವಾಸಿಗಳಿಗೆ ಬೇಕಾಗಿದ್ದದ್ದು ತಮ್ಮ ಸತ್ತ ಬಂಧುಗಳ ಬಗ್ಗೆ, ತಮ್ಮ ಬಗ್ಗೆ ಭರವಸೆ. ಒಬ್ಬ ಎದ್ದನೆಂಬುದರಿಂದ ಅದು ತಾನಾಗಿ ಬರುವುದಿಲ್ಲ.

ಬಹಳ ವ್ಯಾಖ್ಯಾನಗಳು ಈ ಅಂತರವನ್ನು ಗಮನಿಸದೆ ದಾಟಿಬಿಡುತ್ತವೆ. ಪೌಲ ದಾಟಿಲ್ಲ. 20ನೆಯ ವಚನದ ಉತ್ತರಾರ್ಧದಲ್ಲೇ ಅವನು ಕ್ರಿಸ್ತನನ್ನು ನಿದ್ರೆಹೋದವರಲ್ಲಿ ಪ್ರಥಮಫಲವೆಂದು ಕರೆಯುತ್ತಾನೆ. ಯಾಜಕಕಾಂಡದ 23ನೆಯ ಅಧ್ಯಾಯದ ವಿಧಿಯಂತೆ ಬೆಳೆಯ ಮೊದಲ ಸಿವುಡನ್ನು ಯಾಜಕನ ಕೈಗೆ ಕೊಡಬೇಕು, ಅವನು ಅದನ್ನು ಕರ್ತನ ಮುಂದೆ ನಿವಾಳಿಸಬೇಕು. ಆ ಸಿವುಡು ಬೇರೆ ಯಾವುದೋ ನೆಲದ್ದಲ್ಲ, ಕೊಯ್ಲಿಗೆ ನಿಂತಿರುವ ಅದೇ ಬೆಳೆಯದ್ದು. ಒಂದನ್ನು ಎತ್ತಿಕೊಟ್ಟಾಯಿತೆಂದರೆ ಉಳಿದದ್ದು ಹಿಂದೆ ಬರಲಿದೆ ಎಂದು ಅರ್ಥ. 21 ಮತ್ತು 22ನೆಯ ವಚನಗಳಲ್ಲಿ ಆದಾಮನ ಮಾತು ಬರುವುದೂ ಇದಕ್ಕೇ: ಒಬ್ಬನಿಂದ ಎಲ್ಲರಿಗೆ ಏನಾದರೂ ಹರಿಯಬಲ್ಲದು ಎಂಬುದಕ್ಕೆ ಸಾವೇ ಮೊದಲ ನಿದರ್ಶನ. ‘ಒಬ್ಬ’ನಿಂದ ‘ಎಲ್ಲರ’ವರೆಗಿನ ದಾರಿಯನ್ನು ಪೌಲ ನಿಷೇಧದಿಂದ ಹಿಂಡಿ ತೆಗೆಯಲಿಲ್ಲ, ಕ್ರಿಸ್ತನಿಗೂ ಅವನವರಿಗೂ ಇರುವ ಸಂಬಂಧವೆಂಬ ಹೊಸ ಆಧಾರವಾಕ್ಯವನ್ನು ತಂದಿಟ್ಟ. ಆ ವಾಕ್ಯ ತರ್ಕದಿಂದ ಹುಟ್ಟಿದ್ದಲ್ಲ, ಉಪದೇಶದಿಂದ ಬಂದದ್ದು.

ಇದೇ ಭಾಗವನ್ನು ಓದುವಾಗ ಜಾರುವ ಇನ್ನೊಂದು ಜಾಗವಿದೆ. ಉಪದೇಶಗಳಲ್ಲಿ ಅದು ಆಗಾಗ ಕಿವಿಗೆ ಬೀಳುತ್ತದೆ. ಕ್ರಿಸ್ತ ಎದ್ದಿಲ್ಲವಾದರೆ ನಂಬಿಕೆ ಟೊಳ್ಳು, ಕ್ರಿಸ್ತ ಎದ್ದಿದ್ದಾನೆ, ಆದ್ದರಿಂದ ನಂಬಿಕೆ ಟೊಳ್ಳಲ್ಲ. ಕೇಳಲು ಸಮಾಧಾನವೆನಿಸುತ್ತದೆ, ಆದರೆ ಅನುಮಾನ ದೋಷಯುಕ್ತ. ಪೂರ್ವಾಂಗವನ್ನು ನಿರಾಕರಿಸಿ ಉತ್ತರಾಂಗವನ್ನು ನಿರಾಕರಿಸಲು ಬರುವುದಿಲ್ಲ. ನಂಬಿಕೆ ಬೇರೆ ಕಾರಣಕ್ಕೂ ಟೊಳ್ಳಾಗಿರಬಹುದು. 20ನೆಯ ವಚನದಲ್ಲಿ ಪೌಲ ಈ ತೀರ್ಮಾನವನ್ನು ತೆಗೆಯುವುದಿಲ್ಲ. ನಿಮ್ಮ ಪ್ರಯಾಸ ವ್ಯರ್ಥವಲ್ಲ ಎಂಬ ಮಾತು ಬರುವುದು ಅಧ್ಯಾಯದ ಕೊನೆಯಲ್ಲಿ, 58ನೆಯ ವಚನದಲ್ಲಿ. ಅಷ್ಟರೊಳಗೆ ಪ್ರಥಮಫಲ, ಆದಾಮ, ಕೊನೆಯ ಶತ್ರುವಾದ ಸಾವು, ಬಿತ್ತುವ ಕಾಳು ಮತ್ತು ಮೇಲೇಳುವ ದೇಹ, ಕೊನೆಯ ತುತೂರಿ ಎಲ್ಲವೂ ಬಂದುಹೋಗಿರುತ್ತವೆ. ಆ ಮಾತಿಗೆ ಬೇಕಾದ ಬೆಲೆಯನ್ನು ಅವನು ಮೂವತ್ತೇಳು ವಚನಗಳಲ್ಲಿ ತೆತ್ತಿದ್ದಾನೆ.

ಈ ಅಧ್ಯಾಯವನ್ನು ತರ್ಕಪಾಠವಾಗಿಯೇ ಎತ್ತಿಕೊಂಡವನು ಅಗಸ್ಟೀನ್. ಶಾಸ್ತ್ರವನ್ನು ಓದುವ ಬಗೆಯನ್ನು ಕುರಿತ ‘ದೆ ದೊಕ್ತ್ರಿನಾ ಕ್ರಿಸ್ತಿಯಾನಾ’ ಗ್ರಂಥವನ್ನು ಅವನು ಸುಮಾರು 396ರಲ್ಲಿ ಶುರುಮಾಡಿ, ಮೂರನೆಯ ಭಾಗದ ನಡುವೆ ನಿಲ್ಲಿಸಿ, ಸುಮಾರು ಮೂವತ್ತು ವರ್ಷಗಳ ಮೇಲೆ ಮುಗಿಸಿದ. ಎರಡನೆಯ ಭಾಗದಲ್ಲಿ ವಾದವಿದ್ಯೆಯ ಪ್ರಸ್ತಾಪ ಬರುತ್ತದೆ. ಪವಿತ್ರ ಗ್ರಂಥಗಳ ತೊಡಕುಗಳನ್ನು ಬಿಡಿಸಲು ಅದು ಬಹಳ ಉಪಯುಕ್ತ, ಆದರೆ ಜಗಳದ ಚಪಲವೂ ಎದುರಾಳಿಯನ್ನು ಬೀಳಿಸುವ ಹುಡುಗಾಟವೂ ಬೇಡ ಎಂದು ಆರಂಭದಲ್ಲೇ ಎಚ್ಚರಿಸುತ್ತಾನೆ. ಮೋಸದ ಅನುಮಾನಕ್ಕೆ ಅವನು ಕೊಡುವ ಉದಾಹರಣೆ ಹೀಗಿದೆ: ನಾನು ಏನೋ ನೀನು ಅದಲ್ಲ ಎಂಬುದನ್ನು ಎದುರಾಳಿಯಿಂದ ಒಪ್ಪಿಸಿಕೊಂಡು, ನಾನು ಮನುಷ್ಯ ಎಂಬುದನ್ನೂ ಒಪ್ಪಿಸಿಕೊಂಡು, ಹಾಗಾದರೆ ನೀನು ಮನುಷ್ಯನಲ್ಲ ಎಂದು ಮುಗಿಸುವುದು. ಬಳಿಕ ಪೌಲನ ವಾದಕ್ಕೆ ಬರುತ್ತಾನೆ. ಕ್ರಿಸ್ತ ಎದ್ದಿಲ್ಲ, ಸಾರಿದ್ದು ಟೊಳ್ಳು ಎಂಬ ತೀರ್ಮಾನಗಳು ಸುಳ್ಳು. ಆದರೂ ಅವು ಪೂರ್ವಾಂಗದಿಂದ ಹೊರಟ ರೀತಿ ಸರಿ. ಸುಳ್ಳು ವಾಕ್ಯಗಳ ನಡುವೆಯೂ ಸರಿಯಾದ ಕೊಂಡಿ ಇರಬಹುದು, ಆ ಕೊಂಡಿ ಸರಿಯಿರುವುದರಿಂದಲೇ ಸುಳ್ಳು ಎಲ್ಲಿಂದ ಶುರುವಾಯಿತೆಂದು ಹಿಡಿಯಬಹುದು.

ಇದರಿಂದ ಅಗಸ್ಟೀನ್ ತೆಗೆಯುವ ಎರಡು ಮಾತುಗಳು ಇಂದಿಗೂ ಸವೆದಿಲ್ಲ. ಅನುಮಾನದ ನಿಯಮಗಳನ್ನು ಮನುಷ್ಯರು ಮಾಡಿದ್ದಲ್ಲ, ಕಂಡುಕೊಂಡದ್ದು ಎಂಬುದು ಒಂದು. ನಡೆದದ್ದನ್ನು ನಿರೂಪಿಸುವ ಇತಿಹಾಸಕಾರ ಕಾಲದ ಕ್ರಮವನ್ನು ತಾನೇ ಸೃಷ್ಟಿಸುವುದಿಲ್ಲವಲ್ಲ. ಕೊಂಡಿಗಳ ಸತ್ಯವನ್ನು ಸಭೆಯ ಹೊರಗಿನ ಶಾಲೆಗಳಲ್ಲೂ ಕಲಿಯಬಹುದು, ವಾಕ್ಯಗಳ ಸತ್ಯವನ್ನು ಮಾತ್ರ ಪವಿತ್ರ ಗ್ರಂಥಗಳಲ್ಲಿ ಹುಡುಕಬೇಕು ಎಂಬುದು ಇನ್ನೊಂದು. ಕಾರ್ಥೇಜ್, ರೋಮ್, ಮಿಲಾನ್‌ಗಳಲ್ಲಿ ವಾಕ್ಚಾತುರ್ಯ ಕಲಿಸಿದ್ದವನು ಈ ಗೆರೆಯನ್ನು ಎಳೆದಿದ್ದಾನೆಂಬುದಕ್ಕೆ ತೂಕವಿದೆ. ಪೂರ್ವಾಂಗವನ್ನು ನಿರಾಕರಿಸುವ ದೋಷವನ್ನೂ ಅವನು ಅಲ್ಲೇ ತೋರಿಸುತ್ತಾನೆ: ವಾಗ್ಮಿಯಾದರೆ ಅವನು ಮನುಷ್ಯ ಎಂಬುದು ಸರಿ; ವಾಗ್ಮಿಯಲ್ಲ, ಆದ್ದರಿಂದ ಮನುಷ್ಯನಲ್ಲ ಎಂಬುದು ತಪ್ಪು. ಮೇಲೆ ಹೇಳಿದ ಉಪದೇಶಕರ ಜಾರುವಿಕೆಗೆ ಮದ್ದು ಈ ಅಧ್ಯಾಯದ ಚರ್ಚೆಯ ಪಕ್ಕದಲ್ಲೇ ಇದೆ.

ನ್ಯಾಯಶಾಸ್ತ್ರ ಬಲ್ಲ ಕನ್ನಡ ಓದುಗರಿಗೆ ಈ ಗೆರೆ ಹೊಸತೆನಿಸಲಾರದು. ನ್ಯಾಯದವರ ‘ತರ್ಕ’ವೂ ಅನಿಷ್ಟವನ್ನು ಆರೋಪಿಸಿ ತೋರಿಸುವುದೇ: ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ. ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನ ಅದನ್ನು ಪ್ರಮಾಣಗಳ ಸಾಲಿಗೆ ಸೇರಿಸದೆ ಪ್ರಮಾಣಕ್ಕೆ ನೆರವಾಗುವಂಥದ್ದೆಂದು ಬೇರೆ ಇಟ್ಟ. ಎರಡು ಪರಂಪರೆಗಳ ನಡುವೆ ಕೊಡುಕೊಳ್ಳುವಿಕೆ ಇತ್ತೆಂದು ಇದರಿಂದ ಹೇಳಲಾಗದು. ಪೌಲನ ವಾದದಲ್ಲಿ ತರ್ಕಕ್ಕಿರುವ ಸ್ಥಾನವನ್ನು ಗುರುತಿಸಲು ನಮ್ಮಲ್ಲಿ ಬಳಕೆಯಲ್ಲಿರುವ ಪರಿಭಾಷೆ ಸಾಕು ಎಂದಷ್ಟೇ ನನ್ನ ಮಾತು.

ಥಾಮಸ್ ಅಕ್ವಿನಾಸ್ (1225–1274) ‘ಸುಮ್ಮಾ ಥಿಯೊಲೊಜಿಯೆ’ಯ ಮೊದಲ ಪ್ರಶ್ನೆಯ ಎಂಟನೆಯ ಪರಿಚ್ಛೇದದಲ್ಲಿ ಪವಿತ್ರ ವಿದ್ಯೆ ವಾದಿಸುವ ವಿದ್ಯೆಯೇ ಎಂದು ಕೇಳಿ, ಇದೇ ಅಧ್ಯಾಯವನ್ನು ಹೆಸರಿಸುತ್ತಾನೆ. ಆ ವಿದ್ಯೆ ತನ್ನ ಮೂಲತತ್ತ್ವಗಳನ್ನು ಸಾಧಿಸಲು ವಾದಿಸುವುದಿಲ್ಲ. ಅವುಗಳಿಂದ ಹೊರಟು ಬೇರೆಯದನ್ನು ಸಾಧಿಸುತ್ತದೆ, ಪೌಲ ಕ್ರಿಸ್ತನ ಪುನರುತ್ಥಾನದಿಂದ ಎಲ್ಲರ ಪುನರುತ್ಥಾನವನ್ನು ಸಾಧಿಸಿದ ಹಾಗೆ. ಎದುರಾಳಿ ಯಾವುದಾದರೂ ಒಂದನ್ನು ಒಪ್ಪಿದರೆ ಅವನೊಡನೆ ವಾದಕ್ಕೆ ದಾರಿಯಿದೆ. ಏನನ್ನೂ ಒಪ್ಪದಿದ್ದರೆ ಅವನ ಆಕ್ಷೇಪಗಳಿಗೆ ಉತ್ತರ ಕೊಡಬಹುದು, ಅಷ್ಟೆ. 11ನೆಯ ವಚನದ ಒಪ್ಪಿಗೆ ಏಕೆ ಮುಖ್ಯವೆಂಬುದು ಇಲ್ಲಿ ಸಿದ್ಧಾಂತದ ರೂಪ ಪಡೆಯುತ್ತದೆ. ಒಬ್ಬನಿಂದ ಎಲ್ಲರಿಗೆ ಹೋಗುವ ಅಂತರವನ್ನು ಅವನು ಮೂರನೆಯ ಭಾಗದ 56ನೆಯ ಪ್ರಶ್ನೆಯಲ್ಲಿ ತುಂಬುತ್ತಾನೆ: ಕ್ರಿಸ್ತನ ಪುನರುತ್ಥಾನ ನಮ್ಮ ಪುನರುತ್ಥಾನಕ್ಕೆ ಕಾರಣ. ಕಾರ್ಯಕಾರಣ ಸಂಬಂಧವನ್ನು ಬಿಚ್ಚಿ ಹೇಳಿದ್ದರಿಂದ, ಪೌಲ ಪ್ರಥಮಫಲದ ಚಿತ್ರದಲ್ಲಿ ಹಿಡಿದಿಟ್ಟದ್ದು ವಾದದೊಳಗೆ ಕೂರಿಸಬಲ್ಲ ವಾಕ್ಯವಾಯಿತು.

ಹದಿನೇಳನೆಯ ಶತಮಾನಕ್ಕೆ ಬಂದಾಗ ವಿಷಯ ಸಭೆಯ ಆಡಳಿತದ ಮಟ್ಟಕ್ಕೆ ಏರಿತು. 1643ರಲ್ಲಿ ಲಂಡನ್ನಿನಲ್ಲಿ ಸೇರಿದ ವೆಸ್ಟ್‌ಮಿನ್‌ಸ್ಟರ್ ಸಭೆ 1646ರಲ್ಲಿ ಮುಗಿಸಿದ ವಿಶ್ವಾಸ ಪ್ರಮಾಣದ ಮೊದಲ ಅಧ್ಯಾಯದಲ್ಲಿ, ಶಾಸ್ತ್ರದಲ್ಲಿ ನೇರವಾಗಿ ಹೇಳಿರುವುದರ ಜೊತೆಗೆ ಅದರಿಂದ ಸಮ್ಯಕ್ಕಾಗಿಯೂ ಅನಿವಾರ್ಯವಾಗಿಯೂ ಹೊರಡುವ ತೀರ್ಮಾನಗಳಿಗೂ ಅಧಿಕಾರವಿದೆ ಎಂದು ಸೇರಿಸಿತು. ಸ್ಕಾಟ್ಲೆಂಡಿನ ಪ್ರತಿನಿಧಿಯಾಗಿ ಅಲ್ಲಿ ಕುಳಿತಿದ್ದ ಜಾರ್ಜ್ ಗಿಲೆಸ್ಪಿ ಇದನ್ನೇ ಸಮರ್ಥಿಸಿ ಬರೆದದ್ದು ಅವನು ತೀರಿಕೊಂಡ ಮೇಲೆ 1649ರಲ್ಲಿ ಅಚ್ಚಾಯಿತು. ಅನಿವಾರ್ಯವಾಗಿ ಹೊರಡುವ ತೀರ್ಮಾನ ಬೇರೆ, ಶಾಸ್ತ್ರಕ್ಕೆ ಹೊಂದಿಕೊಳ್ಳುತ್ತದೆ ಎಂದಷ್ಟೇ ತೋರಿಸುವ ತೀರ್ಮಾನ ಬೇರೆ ಎಂದು ಅವನು ವಿಂಗಡಿಸುತ್ತಾನೆ. ಅವನ ಮುಖ್ಯ ಸಾಕ್ಷ್ಯ ಮತ್ತಾಯನ ಸುವಾರ್ತೆಯ 22ನೆಯ ಅಧ್ಯಾಯ. ಪುನರುತ್ಥಾನವನ್ನು ನಂಬದ ಸದ್ದುಕಾಯರು ಏಳು ಗಂಡಂದಿರ ಹೆಂಡತಿಯ ಪ್ರಶ್ನೆ ಒಡ್ಡಿದಾಗ ಯೇಸು ವಿಮೋಚನಕಾಂಡದ ಮುಳ್ಳಿನ ಪೊದೆಯ ಪ್ರಸಂಗವನ್ನು ಎತ್ತಿಕೊಳ್ಳುತ್ತಾನೆ. ಅಬ್ರಹಾಮ ತೀರಿಹೋಗಿ ತಲೆಮಾರುಗಳು ಕಳೆದ ಮೇಲೂ ದೇವರು ತನ್ನನ್ನು ಅಬ್ರಹಾಮನ ದೇವರೆಂದು ಕರೆದುಕೊಂಡಿದ್ದಾನೆ. ಪುನರುತ್ಥಾನದ ಹೆಸರೇ ಇಲ್ಲದ ಆ ವಚನದಿಂದ ಅದನ್ನು ಹೊರಡಿಸಿ ತೋರಿಸಿ, ಹೊರಡಿಸಲಾಗದ್ದಕ್ಕೆ ಸದ್ದುಕಾಯರು ಶಾಸ್ತ್ರವನ್ನೇ ಅರಿಯದವರೆಂದು ಯೇಸು ಗದರಿಸುತ್ತಾನೆ. ಹೊರಡುವ ತೀರ್ಮಾನಕ್ಕೂ ಓದುಗ ಹೊಣೆ ಎಂಬುದಕ್ಕೆ ಇದಕ್ಕಿಂತ ಬಲವಾದ ಆಧಾರ ಸಿಗದು. ಆದರೂ ಅಬ್ರಹಾಮ ದೇವರ ಸನ್ನಿಧಿಯಲ್ಲಿ ಬದುಕಿದ್ದಾನೆ ಎಂಬುದಕ್ಕೂ ದೇಹ ಮತ್ತೆ ಏಳುತ್ತದೆ ಎಂಬುದಕ್ಕೂ ನಡುವೆ ಇನ್ನೊಂದು ವಾಕ್ಯ ಬೇಕು. ತನ್ನವನೆಂದು ಒಡಂಬಡಿಕೆ ಮಾಡಿಕೊಂಡವನನ್ನು ದೇವರು ಸಾವಿನ ಕೈಗೆ ಅರೆಯಾಗಿ ಬಿಟ್ಟುಕೊಡುವುದಿಲ್ಲ ಎಂಬುದು ಆ ವಾಕ್ಯವೆಂದು ನಾನು ಓದುತ್ತೇನೆ.

ನಡುವಿನ ವಾಕ್ಯದ ಇದೇ ಪ್ರಶ್ನೆ ದೀಕ್ಷಾಸ್ನಾನದ ವಿವಾದದಲ್ಲೂ ಎದುರಾಗುತ್ತದೆ. ಶಿಶುಗಳಿಗೆ ದೀಕ್ಷಾಸ್ನಾನ ಕೊಡಬೇಕೆಂದು ಹೊಸ ಒಡಂಬಡಿಕೆ ನೇರವಾಗಿ ಹೇಳುವುದಿಲ್ಲ. ವೆಸ್ಟ್‌ಮಿನ್‌ಸ್ಟರ್ ಪ್ರಮಾಣವನ್ನು ಅನುಸರಿಸಿದ ಪ್ರೆಸ್ಬಿಟೇರಿಯನ್ನರು ಅದನ್ನು ಅಬ್ರಹಾಮನ ಒಡಂಬಡಿಕೆಯಿಂದ ಹೊರಡಿಸಿದರು. 1677ರಲ್ಲಿ ಸಿದ್ಧವಾಗಿ 1689ರಲ್ಲಿ ಅಂಗೀಕಾರ ಪಡೆದ ಬ್ಯಾಪ್ಟಿಸ್ಟರ ಲಂಡನ್ ವಿಶ್ವಾಸ ಪ್ರಮಾಣ ವೆಸ್ಟ್‌ಮಿನ್‌ಸ್ಟರಿನ ಪಠ್ಯವನ್ನು ಬಹುಪಾಲು ಹಾಗೆಯೇ ಉಳಿಸಿಕೊಂಡರೂ ಈ ಜಾಗದಲ್ಲಿ ಕೈ ಹಾಕಿತು: ತೀರ್ಮಾನವಾಗಿ ಹೊರಡುವುದು ಎಂದಿದ್ದಲ್ಲಿ ಶಾಸ್ತ್ರದೊಳಗೆ ಅನಿವಾರ್ಯವಾಗಿ ಅಡಗಿರುವುದು ಎಂದು ತಿದ್ದಿತು. ಬ್ಯಾಪ್ಟಿಸ್ಟರು ಅನುಮಾನವನ್ನು ಕೈಬಿಟ್ಟರೆಂದು ಇದನ್ನು ಓದುವುದು ಸರಿಯಲ್ಲ. ಅವರ ಬರಹಗಳಲ್ಲೂ ಅನುಮಾನಗಳಿಗೆ ಬರವಿಲ್ಲ. ಎರಡು ಕಡೆಯವರೂ ಒಪ್ಪುವ ಆಕಾರದಲ್ಲೇ ವಾದಿಸುತ್ತಾರೆ. ಒಡಂಬಡಿಕೆಯ ಗುರುತು ಸುನ್ನತಿಯಿಂದ ದೀಕ್ಷಾಸ್ನಾನಕ್ಕೆ ಬದಲಾದಾಗ ಅದನ್ನು ಪಡೆಯಬೇಕಾದವರು ಯಾರೆಂಬುದು ಬದಲಾಗಲಿಲ್ಲ ಎಂಬ ನಡುವಿನ ವಾಕ್ಯವನ್ನು ಒಬ್ಬರು ಇಟ್ಟುಕೊಂಡಿದ್ದಾರೆ, ಇನ್ನೊಬ್ಬರು ಅದಕ್ಕೆ ವಚನ ತೋರಿಸಿ ಎನ್ನುತ್ತಾರೆ.