ಆ್ಯಟಕ್ಸ್ ಹೈಸ್ಕೂಲಿನ ಹುಲಿಗಳು: ಒಂದು ಶಾಲಾ ತಂಡದ ಒಂಬತ್ತು ದಶಕ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಊರಿನ ಮಾನದ ವಿಷಯ. 1911ರಿಂದ ಅಲ್ಲಿ ರಾಜ್ಯಮಟ್ಟದ ಪಂದ್ಯಾವಳಿ ನಡೆಯುತ್ತಿದೆ. ನಮ್ಮ ಶಾಲಾ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಮೇಲೇರುವಂತೆ ಅಲ್ಲಿಯೂ ಮೆಟ್ಟಿಲುಗಳಿವೆ. ಒಂದು ಸಲ ಸೋತರೆ ಆ ವರ್ಷದ ಆಟ ಮುಗಿಯಿತು. 1950ರ ದಶಕದಲ್ಲಿ ಏಳುನೂರಕ್ಕೂ ಹೆಚ್ಚು ಶಾಲೆಗಳು, ನೂರೈವತ್ತು ಮಕ್ಕಳ ಹಳ್ಳಿ ಶಾಲೆಯಿಂದ ಹಿಡಿದು ಸಾವಿರಾರು ಮಕ್ಕಳ ಪಟ್ಟಣದ ಶಾಲೆಯವರೆಗೆ, ಒಂದೇ ಕಪ್ಪಿಗಾಗಿ ಸೆಣಸುತ್ತಿದ್ದವು. ಎಲ್ಲರಿಗೂ ತೆರೆದ ಪಂದ್ಯಾವಳಿ ಎಂದು ರಾಜ್ಯ ಅದರ ಬಗ್ಗೆ ಹೆಮ್ಮೆಪಡುತ್ತಿತ್ತು. ಆದರೆ 1942ರವರೆಗೆ ಕಪ್ಪು ಮಕ್ಕಳ ಶಾಲೆಗಳಿಗೆ ಅದರಲ್ಲಿ ಪ್ರವೇಶವಿರಲಿಲ್ಲ.

ಅಂಥ ಶಾಲೆಗಳಲ್ಲೊಂದು ರಾಜಧಾನಿ ಇಂಡಿಯಾನಾಪೊಲಿಸ್‌ನ ಕ್ರಿಸ್ಪಸ್ ಆ್ಯಟಕ್ಸ್ ಹೈಸ್ಕೂಲ್. ಅದರ ತಂಡಗಳ ಚರಿತ್ರೆಯನ್ನು ಗೆಲುವು ಸೋಲುಗಳ ಪಟ್ಟಿಯಾಗಿ ಓದಿದರೆ ಅರ್ಧವೇ ಸಿಗುತ್ತದೆ. ಯಾರನ್ನು ಯಾರೊಡನೆ ಆಡಗೊಟ್ಟರು, ಯಾವಾಗ, ಏಕೆ ಎಂದು ಕೇಳುತ್ತ ಓದಿದರೆ ಒಂದು ನಗರದ ಚರಿತ್ರೆಯೇ ತೆರೆದುಕೊಳ್ಳುತ್ತದೆ.

1920ರ ದಶಕದ ಇಂಡಿಯಾನಾದಲ್ಲಿ ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ಹಿಡಿತ ಬಲವಾಗಿತ್ತು. ಅಲ್ಲಿಯವರೆಗೆ ಇಂಡಿಯಾನಾಪೊಲಿಸ್‌ನ ಕಪ್ಪು ಮಕ್ಕಳು ನಗರದ ಸಾಮಾನ್ಯ ಹೈಸ್ಕೂಲುಗಳಲ್ಲೇ ಓದುತ್ತಿದ್ದರು. 1922ರಲ್ಲಿ ಶಾಲಾ ಮಂಡಳಿ ಅವರಿಗೆ ಪ್ರತ್ಯೇಕ ಶಾಲೆ ಕಟ್ಟಲು ತೀರ್ಮಾನಿಸಿತು. ಕಪ್ಪು ಸಮುದಾಯದ ಅನೇಕರು ವಿರೋಧಿಸಿದರೂ 1927ರ ಸೆಪ್ಟೆಂಬರಿನಲ್ಲಿ ಶಾಲೆ ಬಾಗಿಲು ತೆರೆಯಿತು. ಅದಕ್ಕೆ ಅಮೆರಿಕದ ಹಿಂದಿನ ಅಧ್ಯಕ್ಷ ಥಾಮಸ್ ಜೆಫರ್ಸನ್ ಹೆಸರಿಡುವ ಯೋಚನೆಯಿತ್ತು. ಗುಲಾಮರನ್ನು ಇಟ್ಟುಕೊಂಡಿದ್ದವನ ಹೆಸರು ಬೇಡವೆಂದು ಜನ ಪಟ್ಟು ಹಿಡಿದು, 1770ರ ಬಾಸ್ಟನ್ ಹತ್ಯಾಕಾಂಡದಲ್ಲಿ ಮಡಿದ ಕಪ್ಪು ಜನಾಂಗದ ಕ್ರಿಸ್ಪಸ್ ಆ್ಯಟಕ್ಸ್‌ನ ಹೆಸರನ್ನು ಇಡಿಸಿದರು. ಬೇರೆ ಕಡೆ ಕೆಲಸ ಕೊಡದ ಕಾಲದಲ್ಲಿ ಉನ್ನತ ಪದವಿ ಪಡೆದ ಕಪ್ಪು ಅಧ್ಯಾಪಕರು ಇಲ್ಲಿಗೆ ಬಂದರು. ಹಾಗಾಗಿ ಬೇರ್ಪಡಿಸಲೆಂದು ಕಟ್ಟಿದ ಶಾಲೆ ವಿದ್ಯೆಯಲ್ಲಿ ನಗರದ ಒಳ್ಳೆಯ ಶಾಲೆಗಳ ಸಾಲಿಗೆ ಸೇರಿತು.

ಮೈದಾನದ ಕಥೆ ಬೇರೆಯಾಗಿತ್ತು. ಸದಸ್ಯತ್ವ ಕೇಳಿದರೆ ರಾಜ್ಯದ ಹೈಸ್ಕೂಲ್ ಅಥ್ಲೆಟಿಕ್ ಸಂಘ ಕೊಟ್ಟ ಉತ್ತರ ಇದು: ಈ ಶಾಲೆ ಎಲ್ಲ ಮಕ್ಕಳಿಗೂ ತೆರೆದಿಲ್ಲ, ಆದ್ದರಿಂದ ಇದು ಸಾರ್ವಜನಿಕ ಶಾಲೆಯಲ್ಲ. ಬಿಳಿಯ ಮಕ್ಕಳು ಬಾರದಂತೆ ಮಾಡಿದ್ದು ಸರ್ಕಾರಿ ಮಂಡಳಿ. ದಂಡ ತೆತ್ತವರು ಶಾಲೆಯ ಮಕ್ಕಳು. ಕ್ರೀಡೆಯ ಚರಿತ್ರೆಯಲ್ಲಿ ಇಷ್ಟು ನಿರ್ದಯವಾದ ತರ್ಕವನ್ನು ನಾನು ಹೆಚ್ಚು ಕಂಡಿಲ್ಲ. ಇದೇ ನೆಪದಲ್ಲಿ ಕ್ಯಾಥೊಲಿಕ್ ಶಾಲೆಗಳೂ ಹೊರಗುಳಿದವು. ಆಡಲು ಎದುರಾಳಿಗಳೇ ಇಲ್ಲದೆ ಆ್ಯಟಕ್ಸ್ ಹುಡುಗರು ಗ್ಯಾರಿ, ಎವನ್ಸ್‌ವಿಲ್‌ಗಳ ಕಪ್ಪು ಶಾಲೆಗಳನ್ನೂ ನೆರೆ ರಾಜ್ಯಗಳ ಶಾಲೆಗಳನ್ನೂ ಹುಡುಕಿಕೊಂಡು ದೂರ ದೂರ ಹೋದರು.

1942ರಲ್ಲಿ ಸಂಘ ಬಾಗಿಲು ತೆರೆಯಿತು. ಮರುವರ್ಷವೇ ಆ್ಯಟಕ್ಸ್ ರಾಜ್ಯ ಪಂದ್ಯಾವಳಿಗೆ ಇಳಿದರೂ ಮುಂದಿನ ಏಳೆಂಟು ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಇದಕ್ಕೆ ಒಂದು ಕಾರಣ ಮುಖ್ಯೋಪಾಧ್ಯಾಯ ರಸೆಲ್ ಲೇನ್ ಅವರ ನಿಲುವು. ನಮ್ಮ ಮಕ್ಕಳು ಮೊದಲು ಸಭ್ಯರೆನಿಸಿಕೊಳ್ಳಬೇಕು, ಬಿಳಿಯ ಹುಡುಗರಿಗೆ ಮೈ ತಾಗಿಸಿ ಜಗಳಕ್ಕೆ ಎಡೆಮಾಡಬಾರದು ಎಂಬುದು ಅವರ ಎಚ್ಚರಿಕೆ. ಇದನ್ನು ಅಂಜಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಒಂದು ಹೊಡೆದಾಟ ನಡೆದರೆ ಇಡೀ ಸಮುದಾಯಕ್ಕೆ ಮತ್ತೆ ಬಾಗಿಲು ಮುಚ್ಚೀತೆಂಬ ಭಯಕ್ಕೆ ಆಧಾರವಿತ್ತು.

1950ರಲ್ಲಿ ರೇ ಕ್ರೋ ಕೋಚ್ ಆದರು. ಬಿಳಿಯ ರೈತರ ನಡುವೆ, ಇಂಡಿಯಾನಾದ ಹಳ್ಳಿಯೊಂದರಲ್ಲಿ ಬೆಳೆದವರು, ಗಣಿತದ ಮೇಷ್ಟರು. ಕಟ್ಟುನಿಟ್ಟನ್ನು ಸಡಿಲಿಸದೆ ಅವರು ಆಟದ ವೇಗ ಹೆಚ್ಚಿಸಿದರು: ಚೆಂಡು ಸಿಕ್ಕೊಡನೆ ಓಟ, ಎದುರಾಳಿಗೆ ಉಸಿರಾಡಲು ಬಿಡದ ಒತ್ತಡ. ರೆಫ್ರಿಗಳೆಲ್ಲ ಬಿಳಿಯರಾಗಿದ್ದ ಕಾಲ. ಮೊದಲ ಹತ್ತು ಅಂಕ ರೆಫ್ರಿಗಳ ಪಾಲು, ಆಮೇಲಿನದು ನಿಮ್ಮದು ಎಂದು ಅವರು ಹುಡುಗರಿಗೆ ಹೇಳುತ್ತಿದ್ದರಂತೆ. 1951ರಲ್ಲಿ ಆ್ಯಂಡರ್ಸನ್ ಶಾಲೆಯ ವಿರುದ್ಧ ಕೊನೆಯ ನಿಮಿಷಗಳಲ್ಲಿ ಹತ್ತು ಅಂಕ ಹಿಂದಿದ್ದ ತಂಡ, ಬೇಲಿ ರಾಬರ್ಟ್‌ಸನ್ ಕಟ್ಟಕಡೆಗೆ ಎಸೆದ ಚೆಂಡು ಬುಟ್ಟಿಗೆ ಬಿದ್ದು 81–80ರಿಂದ ಗೆದ್ದಿತು. ಅಂತಿಮ ನಾಲ್ಕರಲ್ಲಿ ಎವನ್ಸ್‌ವಿಲ್‌ನ ರೈಟ್ಸ್ ಶಾಲೆಗೆ ಸೋತಿತು. ನಗರದ ಕಪ್ಪು ಬಡಾವಣೆಗಳು ತಮ್ಮ ತಂಡ ಎಂದು ಎದೆ ತಟ್ಟಿಕೊಳ್ಳಲು ಶುರುಮಾಡಿದ್ದು ಆ ವರ್ಷದಿಂದ. ಆ ತಂಡದ ವಿಲ್ಲಿ ಗಾರ್ಡ್‌ನರ್, ಹ್ಯಾಲಿ ಬ್ರಯಂಟ್ ಮುಂದೆ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ವೃತ್ತಿಪರ ತಂಡದ ಪರ ಆಡಿದರು.

ಬೇಲಿಯ ತಮ್ಮನೇ ಆಸ್ಕರ್ ರಾಬರ್ಟ್‌ಸನ್. ಟೆನ್ನೆಸ್ಸಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಇಂಡಿಯಾನಾಪೊಲಿಸ್‌ಗೆ ಬಂದ ಹುಡುಗ. ಚೆಂಡು ಕೊಳ್ಳಲು ಕಾಸಿಲ್ಲದೆ ರಬ್ಬರ್ ಬ್ಯಾಂಡ್ ಸುತ್ತಿದ್ದ ಚಿಂದಿಯ ಉಂಡೆಯನ್ನು ಹಣ್ಣಿನ ಬುಟ್ಟಿಗೆ ಎಸೆದು ಕಲಿತವನು. ಲಾಕ್‌ಫೀಲ್ಡ್ ಗಾರ್ಡನ್ಸ್ ಎಂಬ ಸರ್ಕಾರಿ ವಸತಿ ಬಡಾವಣೆಯ ಪಕ್ಕದ, ‘ಡಸ್ಟ್ ಬೌಲ್’ ಎಂದೇ ಹೆಸರಾದ ಧೂಳಿನ ಅಂಗಣದಲ್ಲಿ ದೊಡ್ಡ ಹುಡುಗರೊಡನೆ ಸೆಣಸಿ ಪಳಗಿದ. 1954ರಲ್ಲಿ ಅವನಿದ್ದ ತಂಡ ಮೈಲನ್ ಎಂಬ ಪುಟ್ಟ ಊರಿನ ಶಾಲೆಗೆ 65–52ರಿಂದ ಸೋತಿತು. ಮೈಲನ್ ಆ ವರ್ಷ ರಾಜ್ಯ ಗೆದ್ದಿತು. 1986ರ ‘ಹೂಸಿಯರ್ಸ್’ ಸಿನಿಮಾಕ್ಕೆ ಆ ಗೆಲುವೇ ಪ್ರೇರಣೆ. ಮೈಲನ್ನಿನ ಕಥೆ ಜಗತ್ತಿಗೆಲ್ಲ ಗೊತ್ತಾಯಿತು. ಮರುವರ್ಷ ನಡೆದದ್ದು ಅದಕ್ಕಿಂತ ದೊಡ್ಡದು ಎಂದೇ ನಾನು ಹೇಳುತ್ತೇನೆ, ಆದರೆ ಅದು ಬಹುಕಾಲ ಆ ರಾಜ್ಯದ ಹೊರಗೆ ಸುದ್ದಿಯಾಗಲಿಲ್ಲ.

ಶಾಲೆಯ ವ್ಯಾಯಾಮಶಾಲೆ ಪ್ರೇಕ್ಷಕರಿಗೆ ಸಾಲದಷ್ಟು ಚಿಕ್ಕದು, ಹಾಗಾಗಿ ಆ್ಯಟಕ್ಸ್‌ನ ತವರು ಪಂದ್ಯಗಳೂ ಹೊರಗೆ, ಬಟ್ಲರ್ ಫೀಲ್ಡ್‌ಹೌಸ್‌ನಂಥ ಕ್ರೀಡಾಂಗಣಗಳಲ್ಲಿ ನಡೆಯುತ್ತಿದ್ದವು. 1955ರಲ್ಲಿ ಮನ್ಸಿ ಸೆಂಟ್ರಲ್ ಶಾಲೆಯನ್ನು 71–70ರಿಂದ ದಾಟಿದ ತಂಡ, ಫೈನಲ್‌ನಲ್ಲಿ ಗ್ಯಾರಿಯ ರೂಸ್‌ವೆಲ್ಟ್ ಶಾಲೆಯನ್ನು 97–74ರಿಂದ ಸೋಲಿಸಿತು. ಫೈನಲ್ ಆಡಿದ ಎರಡೂ ಕಪ್ಪು ಮಕ್ಕಳ ಶಾಲೆಗಳು. ಹದಿಮೂರು ವರ್ಷದ ಹಿಂದೆ ಎರಡಕ್ಕೂ ಪ್ರವೇಶವೇ ಇರಲಿಲ್ಲ. ಎಲ್ಲರಿಗೂ ತೆರೆದ ರಾಜ್ಯ ಪ್ರಶಸ್ತಿಯನ್ನು ಕಪ್ಪು ಶಾಲೆಯೊಂದು ಗೆದ್ದದ್ದು ಅಮೆರಿಕದಲ್ಲೇ ಮೊದಲು. ಇಂಡಿಯಾನಾಪೊಲಿಸ್ ನಗರಕ್ಕೂ ಅದೇ ಮೊದಲ ರಾಜ್ಯ ಪ್ರಶಸ್ತಿ.

ಗೆದ್ದ ತಂಡವನ್ನು ಅಗ್ನಿಶಾಮಕ ವಾಹನದ ಮೇಲೆ ಕೂರಿಸಿ ಮೆರವಣಿಗೆ ಹೊರಡಿಸುವುದು ವಾಡಿಕೆ. ಆ್ಯಟಕ್ಸ್ ಹುಡುಗರನ್ನೂ ಕೂರಿಸಿದರು. ಆದರೆ ನಗರದ ನಡುವಿನ ಸ್ಮಾರಕ ವೃತ್ತಕ್ಕೆ ಒಂದು ಸುತ್ತು ಹಾಕಿಸಿದವರೇ ನೇರ ಕಪ್ಪು ಜನರ ಬಡಾವಣೆಯ ಪಾರ್ಕಿಗೆ ಒಯ್ದರು. ನಗರದ ನಡುವೆ ಗಲಾಟೆಯಾದೀತು ಎಂಬುದು ಅಧಿಕಾರಿಗಳ ಶಂಕೆ. ಆ ಅವಮಾನ ಆಸ್ಕರ್ ರಾಬರ್ಟ್‌ಸನ್‌ರನ್ನು ದಶಕಗಳ ಕಾಲ ಕಾಡಿತು. ಮುಪ್ಪಿನಲ್ಲೂ ಅದನ್ನು ಅವರು ಮುಚ್ಚಿಡಲಿಲ್ಲ.

1956ರಲ್ಲಿ ತಂಡ ಒಂದೂ ಪಂದ್ಯ ಸೋಲಲಿಲ್ಲ: 31ಕ್ಕೆ 31. ಇಂಡಿಯಾನಾದಲ್ಲಿ ಅಜೇಯವಾಗಿ ರಾಜ್ಯ ಗೆದ್ದ ಮೊದಲ ತಂಡ ಅದು. ಫೈನಲ್‌ನಲ್ಲಿ ಲಫಯೆಟ್ ಜೆಫರ್ಸನ್ ಶಾಲೆ 79–57ರಿಂದ ಸೋತಿತು. ರಾಬರ್ಟ್‌ಸನ್ ಒಬ್ಬನದೇ 39 ಅಂಕ. ಅವನು ಮುಂದೆ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು, ಎನ್‌ಬಿಎಯಲ್ಲಿ ಮೆರೆದದ್ದು, ಆಟಗಾರರ ಹಕ್ಕಿಗಾಗಿ ಅದೇ ಲೀಗಿನ ಮೇಲೆ 1970ರಲ್ಲಿ ದಾವೆ ಹೂಡಿದ್ದು ಎಲ್ಲ ಬೇರೆಯದೇ ಅಧ್ಯಾಯ. ರೇ ಕ್ರೋ ಏಳು ವರ್ಷಗಳಲ್ಲಿ 179 ಪಂದ್ಯ ಗೆದ್ದು, ಕೇವಲ 20 ಸೋತು, 1957ರಲ್ಲಿ ಬಿಟ್ಟುಕೊಟ್ಟರು. 1959ರಲ್ಲಿ ಬಿಲ್ ಗ್ಯಾರೆಟ್ ತರಬೇತಿಯಲ್ಲಿ ಮೂರನೆಯ ಪ್ರಶಸ್ತಿ ಬಂತು. ಇಂಡಿಯಾನಾ ವಿಶ್ವವಿದ್ಯಾಲಯದ ತಂಡದಲ್ಲಿ ವರ್ಣಭೇದ ಮುರಿದಿದ್ದ ಆಟಗಾರ ಈ ಗ್ಯಾರೆಟ್.

ಇಷ್ಟೆಲ್ಲ ವೈಭವದಲ್ಲಿ ಹುಡುಗಿಯರ ಪಾಲು ಪ್ರೇಕ್ಷಕರ ಸಾಲಿನಲ್ಲಿ. ಹೆಣ್ಣುಮಕ್ಕಳಿಗೆ ಇಂಡಿಯಾನಾ ರಾಜ್ಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಆರಂಭಿಸಿದ್ದು 1976ರಲ್ಲಿ, ಶಿಕ್ಷಣದಲ್ಲಿ ಲಿಂಗಭೇದ ನಿಷೇಧಿಸಿದ 1972ರ ಕಾನೂನು ಬಂದ ಮೇಲೆ.

ಗೆಲುವಿಗೆ ತೆತ್ತ ಬೆಲೆಯನ್ನೂ ಹೇಳಬೇಕು. ರಾಜ್ಯದ ಶಾಲೆಗಳಲ್ಲಿ ವರ್ಣಭೇದ ಕೂಡದೆಂಬ ಕಾನೂನು 1949ರಲ್ಲೇ ಬಂದಿತ್ತು, ಜಾರಿ ಮಾತ್ರ ಕುಂಟುತ್ತಿತ್ತು. ಆ್ಯಟಕ್ಸ್ ಗೆದ್ದದ್ದನ್ನು ಕಂಡ ಮೇಲೆ ನಗರದ ಇತರ ಶಾಲೆಗಳಿಗೂ ಕಪ್ಪು ಆಟಗಾರರು ಬೇಕಾದರು. ಮೊದಲು ಒಂದೇ ಶಾಲೆಗೆ ಬರುತ್ತಿದ್ದ ಪ್ರತಿಭೆ ಹತ್ತು ಕಡೆ ಹಂಚಿಹೋಯಿತು. 1971ರಲ್ಲಿ ಫೆಡರಲ್ ನ್ಯಾಯಾಲಯ ನಗರದ ಶಾಲಾ ವ್ಯವಸ್ಥೆಯನ್ನು ವರ್ಣಭೇದದ ತಪ್ಪಿತಸ್ಥ ಎಂದಿತು. ಬಿಳಿಯ ಮಕ್ಕಳೂ ಆ್ಯಟಕ್ಸ್‌ಗೆ ಬಂದರು. ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತ 1986ರಲ್ಲಿ ಅದು ಹೈಸ್ಕೂಲಾಗಿಯೇ ಉಳಿಯಲಿಲ್ಲ. ಹಳೆಯ ವಿದ್ಯಾರ್ಥಿಗಳು ಇದನ್ನು ನೋವಿನಿಂದ ವಿರೋಧಿಸಿದ್ದರು. ಸಮಾನತೆಯ ಹೆಸರಿನಲ್ಲಿ ಮೊದಲು ಬಾಗಿಲು ಮುಚ್ಚಿಸಿಕೊಂಡದ್ದು ಅನ್ಯಾಯ ಉಂಡವರ ಶಾಲೆಯೇ ಆಯಿತೆಂಬ ಅವರ ಸಂಕಟಕ್ಕೆ ನನ್ನಲ್ಲಿ ಉತ್ತರವಿಲ್ಲ.

2006ರಲ್ಲಿ ವೈದ್ಯಕೀಯ ವಿಷಯಗಳಿಗೆ ಒತ್ತು ಕೊಡುವ ಹೈಸ್ಕೂಲಾಗಿ ಆ್ಯಟಕ್ಸ್ ಮರಳಿತು, ತಂಡವೂ ಮರಳಿತು. 1997ರಿಂದ ಇಂಡಿಯಾನಾ ಶಾಲೆಗಳನ್ನು ಗಾತ್ರಕ್ಕೆ ತಕ್ಕಂತೆ ನಾಲ್ಕು ವರ್ಗಗಳಾಗಿ ಒಡೆದು ಆಡಿಸಲಾಗುತ್ತಿದೆ. 2017ರಲ್ಲಿ ಆ್ಯಟಕ್ಸ್ ಟ್ವಿನ್ ಲೇಕ್ಸ್ ಶಾಲೆಯನ್ನು 73–71ರಿಂದ ಮಣಿಸಿ ಅಂಥದೊಂದು ವರ್ಗದ ಪ್ರಶಸ್ತಿ ಪಡೆಯಿತು, 58 ವರ್ಷಗಳ ಬಳಿಕ. ರಾಜ್ಯಕ್ಕೆಲ್ಲ ಒಂದೇ ಕಪ್ಪಿದ್ದ ಕಾಲದ ಗೆಲುವಿಗೆ ಇದು ಸಮವಲ್ಲ ಎನ್ನುವ ಹಿರಿಯರಿದ್ದಾರೆ. ಅಂಕಣದ ಲೆಕ್ಕದಲ್ಲಿ ಅವರ ಮಾತು ಸರಿ. ಹೈಸ್ಕೂಲಾಗಿ ಮುಚ್ಚಿಹೋಗಿದ್ದ ಶಾಲೆ ಮತ್ತೆ ತನ್ನದೇ ಹೆಸರಿನ ಅಂಗಿ ತೊಡಿಸಿ ಮಕ್ಕಳನ್ನು ಕಣಕ್ಕಿಳಿಸಿತೆಂಬುದನ್ನೂ ಲೆಕ್ಕಕ್ಕೆ ಹಿಡಿದರೆ ನಾನು ಅದನ್ನು ನಾಲ್ಕನೆಯ ಪ್ರಶಸ್ತಿಯೆಂದೇ ಎಣಿಸುತ್ತೇನೆ.